ಆಗುವ ಮೊದಲೇ ‘ಆತ್ರಿ’ ಅಂದದ್ದು

1971ರ ಡಿಸೆಂಬರ್, ಯುದ್ಧ ನಡೆದಿತ್ತು. ನಾನು ನೌಕಾದಳದ ಗಸ್ತು ವಿಮಾನವೊಂದರಲ್ಲಿ ರೇಡಾರ್ ಆಪರೇಟರ್ ಆಗಿದ್ದೆ. ಊರು ಬೀಳಗಿ ತಾಲ್ಲೂಕಿನ ಗಲಗಲಿ. ನೌಕರಿಗೆ ಸೇರುವ ಮುಂಚೆ ಕೃಷ್ಣೆಗಿಂತ ದೊಡ್ಡ ನೀರು ಕಂಡವನಲ್ಲ. ಈಗಲೂ ಲೋಕಾಪುರದ ಚಹಾದಂಗಡಿಯಲ್ಲಿ ಕುಳಿತರೆ ಯಾರಾದರೊಬ್ಬರು, “ಅಜ್ಜಾರ, ಎಷ್ಟ ಹಡಗ ಮುಳಗಿಸೀರಿ?” ಎಂದು ಕೆಣಕುತ್ತಾರೆ. ನಾನು ದಾಳಿಗೆ ಹೋದದ್ದು ಒಂದೇ ಒಂದು ಜಲಾಂತರ್ಗಾಮಿಯ ಮೇಲೆ. ನನ್ನ ಬಾಯಿಂದ ಬಂದ ಒಂದು ಮಾತಿಗೆ ಅದೂ ಕೈ ತಪ್ಪುವುದರಲ್ಲಿತ್ತು. ಮಾನ ಹೋದರೆ ಹೋಗಲಿ, ಅದನ್ನು ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ.

ನಮ್ಮ ವಿಮಾನದಲ್ಲಿ ಮೂವರು. ಪೈಲಟ್ ಪಾಟೀಲ ಸಾಹೇಬರು ತೇರದಾಳದ ಜೈನ ಮನೆತನದವರು. ಹೊತ್ತು ಮುಳುಗಿದ ಮೇಲೆ ತುತ್ತು ಮುಟ್ಟುತ್ತಿರಲಿಲ್ಲ. ಯುದ್ಧ ಶುರುವಾದ ಮೇಲೂ ಆ ನೇಮ ಬಿಡಲಿಲ್ಲ. ಗಸ್ತು ತಡವಾದ ದಿನ ಉಪವಾಸವೇ ಮಲಗುತ್ತಿದ್ದರು. ದಾರಿಯ ಲೆಕ್ಕ ನೋಡುವ ಅಬ್ಸರ್ವರ್ ನಾಯರ್ ಸಾಹೇಬರು ಕೇರಳದವರು. ಹಿಂದಿನ ಸೀಟಿನಲ್ಲಿ ನಾನು. ಇಂಟರ್‌ಕಾಮ್‌ನಲ್ಲಿ ಇಂಗ್ಲಿಷಿನಲ್ಲೇ ಮಾತಾಡಬೇಕು ಎಂಬುದು ನಿಯಮ. ಆದರೆ ಅವಸರ ಬಿತ್ತೆಂದರೆ ಪಾಟೀಲ ಸಾಹೇಬರ ಬಾಯಿಂದ ತೇರದಾಳ ಹೊರಡುತ್ತಿತ್ತು, ನನ್ನ ಬಾಯಿಂದ ಗಲಗಲಿ. ನಾಯರ್ ಸಾಹೇಬರು ಇಬ್ಬರಿಗೂ ಬೈಯುತ್ತಿದ್ದರು.

ಆ ಮಧ್ಯಾಹ್ನ ನಮಗೆ ಕೊಟ್ಟ ಕೆಲಸ ಒಂದೇ. ಎಣ್ಣೆ ತುಂಬಿದ ನಮ್ಮ ಟ್ಯಾಂಕರ್ ಹಡಗೊಂದು ಸಂಜೆಯೊಳಗೆ ಬಂದರು ಸೇರಬೇಕು, ಅದು ಬರುವ ದಾರಿ ಕಾಯಬೇಕು. ಅಂಥ ಹಡಗಿಗೆ ಒಂದು ಟಾರ್ಪಿಡೊ ಬಡಿದರೆ ಅದರಲ್ಲಿದ್ದವರ ಗತಿ ಏನೆಂದು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಆ ನೀರಿನಲ್ಲಿ ನಮ್ಮ ಜಲಾಂತರ್ಗಾಮಿ ಒಂದೂ ಇಲ್ಲವೆಂದು ಹೊರಡುವ ಮೊದಲೇ ತಿಳಿಸಿದ್ದರು.

ದಂಡೆ ಇನ್ನೂ ಕಣ್ಣಿಗೆ ಕಾಣುತ್ತಿತ್ತು. ನನ್ನ ಪರದೆಯ ಮೇಲೆ ಸಣ್ಣದೊಂದು ಚುಕ್ಕೆ ಮೂಡಿತು. ಮೀನುಗಾರರ ದೋಣಿಯಾದರೆ ಚುಕ್ಕೆ ನಿಲ್ಲುತ್ತದೆ. ಇದು ಮೂಡಿ, ಅಳಿಸಿ, ಮತ್ತೆ ಮೂಡಿತು. ನೀರೊಳಗಿರುವ ಜಲಾಂತರ್ಗಾಮಿ ಪೆರಿಸ್ಕೋಪ್ ಎಂಬ ಉದ್ದ ಕೊಳವೆಯನ್ನು ಮೇಲಕ್ಕೆತ್ತಿ ನೋಡುವಾಗ ಹೀಗಾಗುತ್ತದೆ. ಹತ್ತಿರ ಹೋದೆವು. ನೀರು ಸೀಳಿಕೊಂಡು ಹೋಗುವ ಬಿಳಿ ಗೆರೆ ಮೂವರಿಗೂ ಕಂಡಿತು. ಅದರಾಚೆ, ದಿಗಂತದಲ್ಲಿ, ನಮ್ಮ ಟ್ಯಾಂಕರಿನ ಹೊಗೆ.

ವಿಮಾನದ ಹೊಟ್ಟೆಯಲ್ಲಿ ಡೆಪ್ತ್ ಚಾರ್ಜ್ ಇದ್ದವು, ಅಂದರೆ ನೀರೊಳಗೆ ಇಳಿದು ಸಿಡಿಯುವ ಬಾಂಬುಗಳು. ಹೊಟ್ಟೆಯ ಬಾಗಿಲು ತೆರೆಯುವ ಸ್ವಿಚ್ಚು ನನ್ನ ಹತ್ತಿರ, ಬಾಂಬು ಬಿಡುವ ಗುಂಡಿ ಪೈಲಟ್ ಹತ್ತಿರ. ಬಾಗಿಲು ಪೂರ್ತಿ ತೆರೆದ ಮೇಲೆ ಅವರ ಮುಂದೆ ಹಸಿರು ದೀಪ ಹತ್ತುತ್ತದೆ. ಅಲ್ಲಿಯವರೆಗೆ ಗುಂಡಿ ಒತ್ತಿದರೂ ಏನೂ ಬೀಳುವುದಿಲ್ಲ.

“ಬಾಗ್ಲಾ ತಗಿಯೋ!” ಎಂದರು ಪಾಟೀಲ ಸಾಹೇಬರು.

“ಆತ್ರಿ!” ಎಂದೆ.

ನಮ್ಮ ಕಡೆ ಈ ಮಾತಿಗೆ ಎರಡು ಅರ್ಥ. ಕೆಲಸ ಮುಗಿದರೂ ‘ಆತ್ರಿ’, ಹೇಳಿದ ಕೆಲಸಕ್ಕೆ ಹೂಂಗುಟ್ಟುವಾಗಲೂ ‘ಆತ್ರಿ’. ನಾನು ಹೂಂ ಎಂದಿದ್ದೆ, ಅಷ್ಟೇ. ನನ್ನ ಕಣ್ಣು ಇನ್ನೂ ಪರದೆಯ ಮೇಲಿತ್ತು, ಕೈ ಸ್ವಿಚ್ಚಿಗೆ ಹೋಗಿರಲಿಲ್ಲ. ಬಾಗಿಲು ತೆರೆಯಿತೆಂದು ತಿಳಿದು ಸಾಹೇಬರು ಗುಂಡಿ ಒತ್ತಿದರು. ಏನೂ ಬೀಳಲಿಲ್ಲ. ವಿಮಾನ ಪೆರಿಸ್ಕೋಪಿನ ನೆತ್ತಿಯ ಮೇಲೆ ಸುಮ್ಮನೆ ಹಾದುಹೋಯಿತು.

“ಯಾಕೋ? ಬೀಳಲಿಲ್ಲಲ್ಲೋ!”

“ಈಗ... ಈಗ ತಗ್ಯಾಕತ್ತೇನ್ರಿ ಸರ್!”

ಅಯ್ಯೋ ಶಿವನೇ, ಆಗ ಸ್ವಿಚ್ಚಿಗೆ ಕೈ ಹಾಕಿದೆ. ಟ್ಯಾಂಕರಿನಲ್ಲಿದ್ದವರನ್ನೆಲ್ಲ ನಾನೇ ಕೈಯಾರೆ ಕೊಂದೆ ಎಂದುಕೊಂಡೆ. ಬೈಗುಳಕ್ಕೆ ಕಾದೆ. ಸಾಹೇಬರ ದನಿ ಒಂದಿಷ್ಟೂ ಏರಲಿಲ್ಲ.

“ದೀಪಾ ನೋಡದ ಗುಂಡಿ ಒತ್ತಿದಾಂವ ನಾ. ನೀ ಅಂಜಬ್ಯಾಡ. ತಿರಗಸ್ತೇನಿ. ಇನ್ನ ಮ್ಯಾಗ ಇಂಗ್ಲಿಷ್‌ದಾಗ ಹೇಳು.”

ನೀರಿಗೆ ರೆಕ್ಕೆ ತಾಗೀತೇನೋ ಎಂಬಷ್ಟು ಕೆಳಗೆ ವಿಮಾನ ವಾಲಿಸಿ ತಿರುಗಿಸಿದರು. ಅಂಥ ಹಾರಾಟವನ್ನು ನಾನು ಮುಂದೆಂದೂ ಕಾಣಲಿಲ್ಲ. ಪೆರಿಸ್ಕೋಪ್ ಮುಳುಗುತ್ತಿತ್ತು, ಅದು ಇಳಿದಲ್ಲಿ ನೊರೆ ಸುತ್ತುತ್ತಿತ್ತು. “ಡೋರ್ಸ್ ಓಪನ್!” ಎಂದು ಗಂಟಲು ಹರಿಯುವಂತೆ ಕೂಗಿದೆ. “ಗ್ರೀನ್” ಎಂದರು ಸಾಹೇಬರು. ವಿಮಾನ ಹಗುರಾಗಿ ಮೇಲಕ್ಕೆ ಜಿಗಿಯಿತು. ಹಿಂದೆ ಸಮುದ್ರ ಎದ್ದು ನಿಂತಿತು.

ನೀರು ಇಳಿದ ಮೇಲೆ ಎಣ್ಣೆಯ ಪಸೆ ಹರಡಿತು. “ಮುಳಗ್ತ್ರಿ ಸರ್, ಮುಳಗ್ತು!” ಎಂದು ಕುಣಿದಾಡಿದೆ.

“ಎಣ್ಣಿ ಕಂಡೈತಿ. ಮುಳಗಿದ್ದು ಕಂಡೀ ಏನು? ಸುಮ್ಮ ಪರದೆ ನೋಡು.”

ಇನ್ನೊಂದು ವಿಮಾನ ಬಂದು ನಮ್ಮ ಜಾಗ ಹಿಡಿಯುವವರೆಗೆ ಅಲ್ಲೇ ಸುತ್ತಿದೆವು. ಪೆರಿಸ್ಕೋಪ್ ಮತ್ತೆ ಏಳಲಿಲ್ಲ. ಟ್ಯಾಂಕರ್ ನಮ್ಮ ಕೆಳಗಿಂದಲೇ ಸಾಗಿತು. ಡೆಕ್ಕಿನ ಮೇಲೆ ಯಾರೋ ಬನಿಯನ್ ತೆಗೆದು ಬೀಸುತ್ತಿದ್ದರು. ನಾನು ಮುಖ ಮುಚ್ಚಿಕೊಂಡು ಅತ್ತೆ.

ಇಳಿದ ಮೇಲೆ ವಿಚಾರಣೆ. ಮೊದಲ ಸಲ ಬಾಂಬು ಯಾಕೆ ಬೀಳಲಿಲ್ಲವೆಂದು ದೊಡ್ಡ ಅಧಿಕಾರಿ ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಸಾಹೇಬರ ಬೂಟು ನನ್ನ ಕಾಲು ತುಳಿಯಿತು. “ದೀಪ ನೋಡದೆ ಒತ್ತಿದೆ. ತಪ್ಪು ನನ್ನದು” ಎಂದರು. ವರದಿಯಲ್ಲಿ ಫಲಿತಾಂಶದ ಜಾಗದಲ್ಲಿ ತಾವೇ ‘ಗೊತ್ತಿಲ್ಲ’ ಎಂದು ಬರೆದರು. ಮುಳುಗಿತೆಂದು ಬರೆದಿದ್ದರೆ ಪದಕ ಬರುತ್ತಿತ್ತೋ ಏನೋ. ನಾಯರ್ ಸಾಹೇಬರು ಎಷ್ಟು ಹೇಳಿದರೂ ಪಾಟೀಲ ಸಾಹೇಬರು ಕೇಳಲಿಲ್ಲ. ಅಷ್ಟರಲ್ಲಿ ಹೊತ್ತು ಮುಳುಗಿತ್ತು. ಆ ದಿನವೂ ಅವರಿಗೆ ಊಟವಿಲ್ಲ.

“ನನ್ನ ಮಾತಿನ ತಪ್ಪು ನೀವ್ಯಾಕ ಹೊತ್ಗೊಂಡ್ರಿ?” ಎಂದು ಹೊರಗೆ ಬಂದು ಕೇಳಿದೆ.

“ಮೈಸೂರಾಂವ ಆಗಿದ್ರ ಏನಂದಿ ಅಂತ ಕೇಳ್ತಿದ್ದ. ನಾ ನಿಮ್ಮ ಕಡ್ಯಾಂವ. ಎರಡೂ ಅರ್ಥ ಗೊತ್ತಿದ್ದೂ ನನಗ ಬೇಕಾದ್ದನ್ನ ಕೇಳಿಸ್ಕೊಂಡೆ. ತಪ್ಪು ನಂದ ಅಲ್ಲೇನು?”

ಮುಂದೆ ನೌಕರಿ ಮುಗಿಯುವವರೆಗೂ ಕೆಲಸ ಪೂರ್ತಿ ಆಗದೆ ನಾನು ‘ಆಯಿತು’ ಎನ್ನಲಿಲ್ಲ. ವಿಮಾನದಲ್ಲಿ ಕಲಿತದ್ದು ಇಷ್ಟೇ, ಕಲಿಸಿದವರು ಅವರೇ.

ಹೋದ ತಿಂಗಳು ಜಮಖಂಡಿಯಲ್ಲಿ ಮಗಳ ಮನೆಯಲ್ಲಿರುವ ಸಾಹೇಬರನ್ನು ನೋಡಲು ಹೋಗಿದ್ದೆ. ವಯಸ್ಸು ಎಂಬತ್ತು ದಾಟಿದೆ, ಹಾಸಿಗೆ ಹಿಡಿದಿದ್ದಾರೆ. ನನ್ನ ಹೆಸರು ಎರಡು ಸಲ ಕೇಳಿದರು. ಗುರುತು ಹತ್ತಿತೋ ಇಲ್ಲವೋ ತಿಳಿಯಲಿಲ್ಲ. ಹೊರಟು ನಿಂತಾಗ, “ಗಾಳಿ ಬರ್ತೈತಿ, ಬಾಗ್ಲಾ ಹಾಕ್ಕೊಂಡ ಹೋಗು” ಎಂದರು.

“ಆತ್ರಿ” ಎಂದೆ.

ದಿಂಬಿನಿಂದ ತಲೆ ಎತ್ತಿ, ಕಣ್ಣು ಕಿರಿದು ಮಾಡಿ ನಕ್ಕರು.

“ಆತೋ, ಇನ್ನ ಹಾಕಾಂವೋ?”

ಬಾಗಿಲು ಹಾಕಿದೆ. ಚಿಲಕ ಕೂತದ್ದನ್ನು ಕೈಯಿಂದ ಮುಟ್ಟಿ ನೋಡಿ, ಆಮೇಲೆ ಹೊರಗಿನಿಂದ ಕೂಗಿ ಹೇಳಿದೆ: “ಈಗ ಆತ್ರಿ ಸರ್.”