ಪಾತ್ರೆಗೆ ಹೆಸರು ಹಾಕುತ್ತಿದ್ದ ವರ್ಷಗಳು

ಈಗ ಲೇಸರ್ ಮೆಷಿನ್ ಬಂದಿದೆ. ಕಂಪ್ಯೂಟರಿನಲ್ಲಿ ಹೆಸರು ಒತ್ತಿದರೆ ಬೆಳಕೇ ಹೋಗಿ ಲೋಹದ ಮೇಲೆ ಬರೆದುಬಿಡುತ್ತದಂತೆ, ಕೈ ತಾಗಿಸುವ ಕೆಲಸವೇ ಇಲ್ಲ. ಪರಿಚಯದವರೊಬ್ಬರು ಆ ಮೆಷಿನ್ ಕೊಳ್ಳುವ ಯೋಚನೆಯಲ್ಲಿದ್ದರು. ನಾನೂ ಹಿಂದೆ ಪಾತ್ರೆಗೆ ಹೆಸರು ಹಾಕುತ್ತಿದ್ದೆ ಅಂತ ಯಾರೋ ಹೇಳಿದ್ದರಿಂದ ನನ್ನನ್ನು ಕೇಳಲು ಬಂದರು. "ನೀವು ಈ ಕೆಲಸ ಹೇಗೆ ಶುರು ಮಾಡಿದ್ರಿ ಅಮ್ಮ?" ಅಂದರು. ನಾನು ಶುರು ಮಾಡಲಿಲ್ಲ, ಅದು ನನ್ನ ಮೇಲೆ ಬಂದು ಬಿತ್ತು ಅಂದೆ. ಅವರು ನಕ್ಕರು. ನಾನು ನಗಿಸಲಿಕ್ಕೆ ಹೇಳಿರಲಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ಗವಿಪುರದ ಒಂದು ವಠಾರದಲ್ಲಿ ನಮ್ಮ ಮನೆ. ನಮ್ಮವರು ಬಟ್ಟೆ ಮಿಲ್ಲಿನಲ್ಲಿ ಫಿಟ್ಟರ್. ಮಿಲ್ಲಿಗೆ ಬೀಗ ಬಿತ್ತು. ಇವತ್ತು ತೆಗೀತಾರೆ, ನಾಳೆ ತೆಗೀತಾರೆ ಅಂತ ಗೇಟಿನ ಹತ್ತಿರ ಹೋಗಿ ನಿಂತು ಬರುವುದೇ ಇವರ ಕೆಲಸವಾಯಿತು. ಆಗ ವಠಾರದ ಕೊನೇ ಮನೆಯಲ್ಲಿ ಸೇಲಂ ಕಡೆಯವರೊಬ್ಬರಿದ್ದರು. ಚಿಕ್ಕಪೇಟೆಯ ಪಾತ್ರೆ ಅಂಗಡಿ ಮುಂದೆ ಸ್ಟೂಲ್ ಹಾಕಿಕೊಂಡು ಕೂತು, ಜನ ಕೊಂಡ ಪಾತ್ರೆಗಳಿಗೆ ಹೆಸರು ಹಾಕಿಕೊಡುತ್ತಿದ್ದರು. ಅವರು ಊರಿಗೆ ವಾಪಸ್ ಹೊರಟಾಗ ತಮ್ಮ ಮೆಷಿನ್ ಮಾರಿಹೋಗಲು ತಯಾರಿದ್ದರು. ಇವರು ಅದನ್ನು ಕೊಂಡುಕೊಂಡು ಬಂದರು.

ಮೆಷಿನ್ ಅಂದರೆ ಏನಿಲ್ಲ. ದಪ್ಪನೆಯ ಪೆನ್ನಿನ ಥರದ್ದೊಂದು ಕಬ್ಬಿಣದ ಹಿಡಿ, ತುದಿಯಲ್ಲಿ ಸೂಜಿ, ಹಿಂದುಗಡೆ ಕರೆಂಟ್ ವೈರು. ಸ್ವಿಚ್ ಹಾಕಿದರೆ ಸೂಜಿ ಝೀ ಅಂತ ನಡುಗುತ್ತೆ. ಆ ನಡುಕವನ್ನು ಹಿಡಿದುಕೊಂಡು ಸ್ಟೀಲಿನ ಮೇಲೆ ಬರೆಯಬೇಕು.

"ಇದ್ರಲ್ಲೇನಿದೆ, ಬರೆಯೋದು ತಾನೆ" ಅಂದರು ಇವರು.

ಮನೆಯ ಹಳೇ ತಟ್ಟೆಯೊಂದರ ಹಿಂದೆ ತಮ್ಮ ಹೆಸರನ್ನೇ ಬರೆದರು. ಮಗು ಸ್ಲೇಟಿನ ಮೇಲೆ ಗೀಚಿದ ಹಾಗಿತ್ತು. ಇನ್ನೊಂದು ತಟ್ಟೆ ತೆಗೆದುಕೊಂಡರು, ಅದೂ ಹಾಗೇ ಆಯಿತು. ಮಿಲ್ಲಿನಲ್ಲಿ ದೊಡ್ಡ ದೊಡ್ಡ ಬೋಲ್ಟು ತಿರುಗಿಸಿದ ಕೈ ಅದು, ಸೂಜಿಯನ್ನು ಬೋಲ್ಟಿನ ಹಾಗೇ ಒತ್ತುತ್ತಿತ್ತು. ನಾನು ಅಕ್ಕಿ ಆರಿಸುತ್ತಾ ಕೂತಿದ್ದೆ. "ಹಾಗೆ ಒತ್ತಬೇಡಿ, ಜಾರತ್ತೆ" ಅಂದೆ. "ನೀನೇ ಬರಿ ಹಾಗಾದ್ರೆ" ಅಂತ ಸಿಟ್ಟಿನಲ್ಲಿ ಹಿಡಿ ನನ್ನ ಕೈಗಿಟ್ಟರು.

ನನ್ನ ಅಕ್ಷರ ದುಂಡಗಿದೆ ಅಂತ ಸ್ಕೂಲಿನಲ್ಲಿ ಬೋರ್ಡ್ ಮೇಲೆ ಸುಭಾಷಿತ ಬರೆಸುತ್ತಿದ್ದರು. ಮದುವೆಯಾದ ಮೇಲೆ ಆ ಅಕ್ಷರ ಸಾಮಾನಿನ ಚೀಟಿಗೆ ಬಿಟ್ಟು ಯಾತಕ್ಕೂ ಬೇಕಾಗಿರಲಿಲ್ಲ. ಆ ದಿನ ಬರೆದದ್ದು ಚೆನ್ನಾಗೇನೂ ಬರಲಿಲ್ಲ, ಆದರೆ ಓದುವ ಹಾಗಿತ್ತು. ಇವರು ತಟ್ಟೆಯನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿ, ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದರು. ಸಂಜೆ ಬರುವಾಗ ಸೈಕಲ್ ಕ್ಯಾರಿಯರಿನಲ್ಲಿ ಒಂದು ಗೋಣಿಚೀಲದ ತುಂಬ ಲೋಟ ಇತ್ತು. ಚಿಕ್ಕಪೇಟೆಯ ಆ ಪಾತ್ರೆ ಅಂಗಡಿಯ ಸಾಹುಕಾರರನ್ನು ಕಂಡು ಮಾತಾಡಿಕೊಂಡು ಬಂದಿದ್ದರು. "ನಮ್ಮನೇಲಿ ಬರೀತಾರೆ ಅಂದೆ. ಹೆಂಗಸರಾ ಅಂತ ಕೇಳಿದ್ರು, ಹೂಂ ಅಂದೆ. ಅಕ್ಷರ ಚೆನ್ನಾಗಿದ್ರೆ ಯಾರಾದ್ರೇನು ಅಂದ್ರು."

ಹಾಗೆ ಶುರುವಾಯಿತು. ನನ್ನನ್ನು ಯಾರೂ ಕೇಳಲಿಲ್ಲ. ಇಲ್ಲ ಅನ್ನುತ್ತಿದ್ದೆ ಅಂತಲೂ ಅಲ್ಲ.

ಕಲಿಯಲಿಕ್ಕೆ ಬಹಳ ಕಾಲ ಹಿಡಿಯಿತು. ಇಂಗ್ಲಿಷ್ ಅಕ್ಷರ ಸುಲಭ, ಗೀಟು ಎಳೆದ ಹಾಗೆ ಎಳೆದರಾಯಿತು. ಕನ್ನಡದ ಅಕ್ಷರವೆಲ್ಲ ದುಂಡು, ಸೂಜಿಗೋ ದುಂಡು ಅಂದರೆ ಆಗದು. ತಿರುವಿಗೆ ಬಂದಾಗ ಹೊರಗೆ ಜಾರಿಬಿಡುತ್ತಿತ್ತು. ಜಾರಿದರೆ ಆ ಲೋಟ ಕೆಟ್ಟ ಹಾಗೇ. ಆಮೇಲೆ ಕೈಯನ್ನು ಇದ್ದಲ್ಲೇ ಇಟ್ಟು ಪಾತ್ರೆಯನ್ನೇ ತಿರುಗಿಸುವುದು ಕಲಿತೆ. ಮಡಿಲಲ್ಲಿ ಹಳೇ ಸೀರೆ ಮಡಚಿ ಇಟ್ಟುಕೊಂಡು, ಅದರ ಮೇಲೆ ಪಾತ್ರೆ ಇಟ್ಟು, ಎಡಗೈಯಲ್ಲಿ ಮೆಲ್ಲಗೆ ತಿರುಗಿಸಬೇಕು. ಇದನ್ನು ಯಾರೂ ಹೇಳಿಕೊಡಲಿಲ್ಲ. ಕೆಡಿಸಿ ಕೆಡಿಸಿ ಗೊತ್ತಾದದ್ದು.

ಮದುವೆ ಕಾಲ ಬಂತೆಂದರೆ ಮನೆಯಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಕೊಡ, ಕೊಳದಪ್ಪಲೆ, ಹರಿವಾಣ, ಟಿಫನ್ ಕ್ಯಾರಿಯರ್. ಹುಡುಗನ ಹೆಸರು, ಹುಡುಗಿಯ ಹೆಸರು, ಮದುವೆಯ ದಿನ. ಅದೇ ಚೀಲದಲ್ಲಿ ವೈಕುಂಠ ಸಮಾರಾಧನೆಗೆ ಹಂಚುವ ಬಟ್ಟಲುಗಳೂ ಬರುತ್ತಿದ್ದವು. 'ಇವರ ಜ್ಞಾಪಕಾರ್ಥ' ಅಂತ ಬರೆಯಬೇಕು. ಮೊದಮೊದಲು ಅಂಥ ಬಟ್ಟಲು ಬಂದಾಗ ಮನಸ್ಸಿಗೆ ಏನೋ ಆಗುತ್ತಿತ್ತು. ಕೊನೆಕೊನೆಗೆ ಎರಡೂ ಒಂದೇ ಆಗಿಬಿಟ್ಟವು. ಉದ್ದ ಹೆಸರೋ ಗಿಡ್ಡ ಹೆಸರೋ ಅಂತ ಮಾತ್ರ ನೋಡುತ್ತಿದ್ದೆ.

ಬೆಳಿಗ್ಗೆ ಅಡಿಗೆ ಮುಗಿಸಿ ಕೂತರೆ ಸಂಜೆ ನಲ್ಲಿ ನೀರು ಬರುವವರೆಗೆ ಇದೇ. ಮೆಷಿನ್ ಹಾಕಿದೊಡನೆ ಪಕ್ಕದ ಮನೆಗಳ ರೇಡಿಯೋ ಗರಗರ ಅನ್ನುತ್ತಿತ್ತು. "ನಿಮ್ಮ ಜೀರುಂಡೆ ಸ್ವಲ್ಪ ನಿಲ್ಲಿಸ್ರೀ, ವಾರ್ತೆ ಬರ್ತಿದೆ" ಅಂತ ಗೋಡೆಯ ಆಚೆಯಿಂದ ಕೂಗುತ್ತಿದ್ದರು. ನಿಲ್ಲಿಸುತ್ತಿದ್ದೆ. ನಿಲ್ಲಿಸಿದ ಮೇಲೂ ಕಿವಿಯಲ್ಲಿ ಝೀ ಅನ್ನುತ್ತಲೇ ಇರುತ್ತಿತ್ತು.

ಮಿಲ್ಲಿನ ಬೀಗ ತೆಗೆದರು. ಇವರು ಕೆಲಸಕ್ಕೆ ಹೋದರು. ಇನ್ನು ಇದು ನಿಲ್ಲುತ್ತೆ ಅಂದುಕೊಂಡೆ. ನಿಲ್ಲಲಿಲ್ಲ. ಸಾಹುಕಾರರು ಬೇರೆಯವರ ಕೈಲಿ ಬರೆಸಲು ಒಪ್ಪುತ್ತಿರಲಿಲ್ಲ. ಇವರೂ ಶಿಫ್ಟ್ ಮುಗಿಸಿ ಬರುವಾಗ ಚೀಲ ತರುವುದನ್ನು ಬಿಡಲಿಲ್ಲ.

ಎಂಬತ್ತರ ದಶಕ ಆಗಲೇ ಸಾಕಷ್ಟು ಕಳೆದಿತ್ತು. ಒಂದು ಸಂಜೆ ವಠಾರದ ಬಾಗಿಲಿಗೆ ಆಟೋ ಬಂದು ನಿಂತಿತು. ಇಳಿದವರು ವಯಸ್ಸಾದ ಗಂಡಸು, ಹಣೆಯಲ್ಲಿ ವಿಭೂತಿ, ಕೋಟು. ಹಿಂದೆ ಅವರ ಮಗಳು. ಆಟೋದ ತುಂಬ ಪಾತ್ರೆ. ಅವನ್ನೆಲ್ಲ ನಾನು ಗುರುತಿಸಿದೆ. ಹೆಚ್ಚು ದಿನವಾಗಿರಲಿಲ್ಲ, ನಾನೇ ಹೆಸರು ಹಾಕಿದ್ದೆ. ಅಂಗಡಿಯಲ್ಲಿ ವಿಳಾಸ ಕೇಳಿಕೊಂಡು ತ್ಯಾಗರಾಜನಗರದಿಂದ ಬಂದಿದ್ದರು.

"ತಾಯೀ, ಇದರ ಮೇಲಿನ ಹೆಸರು ಅಳಿಸಿಕೊಡಬೇಕು" ಅಂದರು.

"ಯಾವ ಹೆಸರು?"

"ಹುಡುಗನ ಹೆಸರು. ಮದುವೆ ನಿಂತುಹೋಯ್ತು."

ಹುಡುಗನ ಕಡೆಯವರು ಬೇರೆ ಸಂಬಂಧ ನೋಡಿಕೊಂಡಿದ್ದರು. ಲಗ್ನಪತ್ರಿಕೆ ಹಂಚಿಯಾಗಿತ್ತು. ಇಷ್ಟನ್ನು ಹೇಳುವುದರಲ್ಲಿ ಆ ಯಜಮಾನರು ಬಸವಳಿದುಹೋಗಿ, ನಮ್ಮ ಹೊಸ್ತಿಲ ಮೇಲೇ ಕೂತುಬಿಟ್ಟರು. ನಾನು ನೀರು ಕೊಟ್ಟೆ. ಸ್ಟೀಲಿನ ಮೇಲೆ ಕೆತ್ತಿದ್ದು ಅಳಿಸಲಾಗುವುದಿಲ್ಲ ಅಂತ ಹೇಗೆ ಹೇಳುವುದು? ನಮ್ಮವರು ಮುಂದೆ ಬಂದು, "ಪಾಲಿಶ್ ಹಿಡಿಸಿ ನೋಡೋಣ ಬಿಡಿ" ಅಂದರು.

ಮಾರನೆಯ ದಿನ ಒಂದು ತಟ್ಟೆಯನ್ನು ಪಾಲಿಶ್ ಹಿಡಿಯುವ ಕಡೆಗೆ ಒಯ್ದರು. ತಟ್ಟೆ ಹೆಸರಿದ್ದ ಕಡೆ ಮಾತ್ರ ತೆಳ್ಳಗಾಗಿ ಮಸುಕಾಯಿತು. ಓರೆಯಾಗಿ ಹಿಡಿದರೆ ಆ ಹುಡುಗನ ಹೆಸರು ಇನ್ನೂ ಕಾಣುತ್ತಿತ್ತು. ಮೊದಲಿಗಿಂತ ಕೆಟ್ಟದಾಗಿತ್ತು. ಕದ್ದ ಪಾತ್ರೆಯ ಹೆಸರು ತೆಗೆದ ಹಾಗೆ.

ತಂದೆ ಮಗಳು ಮತ್ತೆ ಬಂದಾಗ ತಟ್ಟೆ ತೋರಿಸಿದೆ. ತಂದೆ ಮುಖ ಆಚೆ ತಿರುಗಿಸಿದರು. ಮಗಳು ತಟ್ಟೆಯನ್ನು ಕೈಗೆ ತೆಗೆದುಕೊಂಡು ಬೆರಳು ಆಡಿಸಿ ನೋಡಿದಳು. ಯಾವುದೋ ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದಳು. ಮೂವತ್ತಕ್ಕೆ ಹತ್ತಿರದ ವಯಸ್ಸು.

"ಅಕ್ಕ, ಅಳಿಸೋದು ಬೇಡ. ಮೇಲೆ ಏನಾದ್ರೂ ಬರೆಯಕ್ಕಾಗತ್ತಾ?"

"ಮೇಲೆ ಅಂದ್ರೆ?"

"ಹೂವೋ ಬಳ್ಳಿಯೋ. ನನ್ನ ಹೆಸರು ಹಾಗೇ ಇರಲಿ. ಅದು ಹೊಡೆದು ಹಾಕಿದಂಗೆ ಮಾತ್ರ ಕಾಣಬಾರ್ದು."

ನಾನು ಅದುವರೆಗೆ ಅಕ್ಷರ ಬಿಟ್ಟು ಏನೂ ಬರೆದವಳಲ್ಲ. ರಂಗೋಲಿ ಬರುತ್ತಿತ್ತು, ಅಷ್ಟೆ. ಒಂದು ಚೊಂಬು ತೆಗೆದುಕೊಂಡು ಕೂತೆ. ಆ ಹುಡುಗನ ಹೆಸರಿನ ಮೊದಲಕ್ಷರದ ಸುತ್ತು ಎಲೆಯ ಹಾಗೇ ಇತ್ತು. ನಡುವೆ ಒಂದು ನರ ಎಳೆದೆ, ಎಲೆಯೇ ಆಯಿತು. ಒತ್ತಕ್ಷರದ ಕೊಂಡಿಯನ್ನು ಮುಂದಕ್ಕೆ ಎಳೆದು ಕುಡಿ ಮಾಡಿದೆ. ಹೀಗೇ ಒಂದೊಂದಾಗಿ ಅಕ್ಷರ ಮುಚ್ಚುತ್ತಾ ಹೋದೆ. ಮೆಷಿನ್ ನಿಲ್ಲಿಸಿ ಸೆರಗಿನಿಂದ ಪುಡಿ ಒರೆಸಿದಾಗ ಅಲ್ಲಿ ಹೆಸರಿರಲಿಲ್ಲ. ಒಂದು ಬಳ್ಳಿ ಹೊರಟು ಆ ಹುಡುಗಿಯ ಹೆಸರನ್ನು ಬಳಸಿಕೊಂಡಿತ್ತು.

ಅವಳು ಚೊಂಬನ್ನು ತಂದೆಯ ಕೈಗೆ ಕೊಟ್ಟಳು. ಅವರು ಕನ್ನಡಕ ಹಾಕಿಕೊಂಡು ಹುಡುಕಿದರು. ನಿಜವಾಗಿ ಹುಡುಕಿದರು, ಎಲ್ಲಾದರೂ ಅಕ್ಷರ ಉಳಿದಿದೆಯೇ ಅಂತ. ಆಮೇಲೆ ಚೊಂಬನ್ನು ಮಡಿಲಲ್ಲಿ ಇಟ್ಟುಕೊಂಡು ಕೂತರು.

ಒಂದು ಚೊಂಬಿಗೇ ಮಧ್ಯಾಹ್ನವೆಲ್ಲ ಹೋಗಿತ್ತು. ಇನ್ನು ಆಟೋ ತುಂಬ ಪಾತ್ರೆ. ನನ್ನ ಮುಖ ನೋಡಿ ಅವಳಿಗೆ ಅರ್ಥವಾಯಿತೋ ಏನೋ, "ಭಾನುವಾರ ನಾನೂ ಬರ್ತೀನಿ ಅಕ್ಕ. ಹೇಳಿಕೊಟ್ರೆ ಎಲೆ ತುಂಬ್ತೀನಿ" ಅಂದಳು.

ಬಂದಳು. ಮೊದಲ ದಿನ ಹಿಡಿ ಹಿಡಿದು, "ಅಯ್ಯೋ, ಹಲ್ಲೆಲ್ಲ ನಡುಗತ್ತಲ್ಲಾ!" ಅಂತ ನಕ್ಕಳು. ನಿಶ್ಚಯ ಮುರಿದ ಮೇಲೆ ಅವಳು ನಕ್ಕದ್ದು ಅದೇ ಮೊದಲು ಅಂತ ಅವಳ ತಂದೆ ಆಮೇಲೆ ಹೇಳಿದರು. ಅವಳ ಕೈ ಬೇಗ ಕೂತಿತು. ಟೈಪ್ ಮಾಡುವ ಬೆರಳುಗಳು, ಬೇಕಾದಷ್ಟೇ ಒತ್ತುತ್ತಿದ್ದವು. ನಾನು ಬಳ್ಳಿ ಎಳೆದು ಹಿಡಿ ಕೊಡುತ್ತಿದ್ದೆ, ಅವಳು ಎಲೆ ತುಂಬುತ್ತಿದ್ದಳು. ಮಾತು ಕಮ್ಮಿ. ಒಂದು ದಿನ ಮಾತ್ರ ಕೆಲಸದ ನಡುವೆ ಕೇಳಿದಳು: "ಈ ಹೆಸರು ಮೊದಲು ಬರೆಯುವಾಗ ನಿಮಗೇನನ್ನಿಸಿತ್ತು ಅಕ್ಕ?"

"ಉದ್ದ ಹೆಸರು ಅನ್ನಿಸಿತ್ತು" ಅಂದೆ. ನಿಜವನ್ನೇ ಹೇಳಿದ್ದೆ. ಅವಳು ಹಿಡಿ ಕೆಳಗಿಟ್ಟು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ಕಣ್ಣೀರು ಮಾತ್ರ ಉಳಿಯಿತು. ನಾನು ಎದ್ದು ಕಾಫಿ ಮಾಡಿದೆ.

ಆ ಪಾತ್ರೆಗಳಲ್ಲಿ ಒಂದನ್ನು ಚಿಕ್ಕಪೇಟೆಯ ಸಾಹುಕಾರರು ನೋಡಿದರು. ಅಲ್ಲಿಂದ ನನಗೆ ಪೀಕಲಾಟ ಶುರುವಾಯಿತು. ಎಲ್ಲರಿಗೂ ಬಳ್ಳಿ ಬೇಕು. ಹೆಸರಿನ ಸುತ್ತ ಬಳ್ಳಿ, ಕೊಡದ ಕತ್ತಿಗೆ ಬಳ್ಳಿ, ಹರಿವಾಣಕ್ಕೆ ನವಿಲು. ನಮ್ಮವರು ಹೆಮ್ಮೆಯಿಂದಲೇ ಚೀಲ ತಂದು ಇಳಿಸುತ್ತಿದ್ದರು. "ನಿನ್ನ ಕೈಯೇ ಬೇಕಂತೆ ಕಣೇ" ಅನ್ನುತ್ತಿದ್ದರು. ಆ ಕೈ ಬೆಳಿಗ್ಗೆ ಎದ್ದಾಗ ನನ್ನದು ಅನ್ನಿಸುತ್ತಿರಲಿಲ್ಲ. ಬೆರಳ ತುದಿ ಬೆಳ್ಳಗಾಗುತ್ತಿತ್ತು. ಚಳಿಗಾಲದಲ್ಲಿ ಸಾರಿಗೆ ಉಪ್ಪು ಹಾಕಿದರೆ ಬೆರಳಲ್ಲಿ ಎಷ್ಟಿದೆ ಅಂತ ತಿಳಿಯುತ್ತಿರಲಿಲ್ಲ. ಒಂದು ದಿನ ಒಲೆಯ ಮೇಲಿನ ಪಾತ್ರೆಯನ್ನು ಬರಿಗೈಯಲ್ಲಿ ಇಳಿಸಿದೆ. ಚರ್ಮ ಸುಟ್ಟ ವಾಸನೆ ಬಂದ ಮೇಲೆ ಗೊತ್ತಾಯಿತು.

ಚಾಮರಾಜಪೇಟೆಯ ಡಾಕ್ಟರು ಬೆರಳುಗಳನ್ನು ಒಂದೊಂದಾಗಿ ಒತ್ತಿ ನೋಡಿದರು. ಏನು ಕೆಲಸ ಅಂತ ಕೇಳಿದರು. ಹೇಳಿದೆ. "ನಿಲ್ಲಿಸಿಬಿಡಿ" ಅಂದರು. ಹೊರಗೆ ಬಂದ ಮೇಲೆ ಇವರು, "ಸ್ವಲ್ಪ ಕಮ್ಮಿ ಮಾಡಿದ್ರೆ ಸಾಕೇನೋ" ಅಂದರು. ಅವರಿಗೆ ಕೆಟ್ಟ ಮನಸ್ಸೇನಿರಲಿಲ್ಲ. ಬೀಗ ಬಿದ್ದ ಕಾಲದ ಹೆದರಿಕೆ ಅವರನ್ನು ಬಿಟ್ಟೇ ಇರಲಿಲ್ಲ. ಮತ್ತೆ ಯಾವಾಗ ಗೇಟು ಮುಚ್ಚುತ್ತಾರೋ ಅಂತ.

"ನಿಲ್ಲಿಸಿಬಿಡಿ ಅಂದ್ರು ಡಾಕ್ಟ್ರು. ನಂಗೆ ಸಾಕಾಗಿದೆ ಕಣ್ರೀ" ಅಂದೆ. ಬೀದಿಯಲ್ಲಿ ನಿಂತು ಇಷ್ಟು ಗಟ್ಟಿಯಾಗಿ ನಾನು ಮಾತಾಡಿದ್ದಿಲ್ಲ. ಅವರು ನನ್ನ ಸುಟ್ಟ ಕೈಗೆ ಸುತ್ತಿದ್ದ ಬಟ್ಟೆಯನ್ನೇ ನೋಡಿದರು. "ಆಯ್ತು" ಅಂದರು.

ಆ ಹುಡುಗಿ ಭಾನುವಾರ ಬರುವುದನ್ನು ಬಿಟ್ಟಿರಲಿಲ್ಲ. ತಮ್ಮ ಪಾತ್ರೆಗಳೆಲ್ಲ ಮುಗಿದ ಮೇಲೂ ಬರುತ್ತಿದ್ದಳು. ಮೆಷಿನ್ ನೀನೇ ತಗೊಂಡು ಹೋಗು ಅಂದಾಗ ಅದರ ವೈರನ್ನು ಹಿಡಿಗೆ ಸುತ್ತತೊಡಗಿದಳು. "ಅಪ್ಪ ಒಪ್ಪಲ್ಲ ಅಕ್ಕ. ಇನ್ನೊಂದು ಗಂಡು ನೋಡ್ತಿದಾರೆ" ಅಂದಳು. ಆದರೂ ತೆಗೆದುಕೊಂಡು ಹೋದಳು.

ತಂದೆ ಒಪ್ಪಲಿಲ್ಲ, ಅದು ನಿಜ. ಪೇಟೆಯಲ್ಲಿ ಅಂಗಡಿ ಇಟ್ಟ ಮನೆತನ ಅವರದು, ಹೆಣ್ಣುಮಗಳು ಪಾತ್ರೆಗೆ ಹೆಸರು ಹಾಕಿಕೊಂಡು ಕೂರುವುದು ಅವರಿಗೆ ಸಹಿಸಲಾಗದು. ಜಗಳವೇ ಆಯಿತಂತೆ. ಆ ಗಂಡು ಬಂದು ನೋಡಿಹೋದ, ಅದೂ ಆಗಲಿಲ್ಲ. ಅದಾದ ಮೇಲೆ ಯಾಕೋ ಅವರೇ ಸುಮ್ಮನಾದರು. ಒಂದು ದಿನ ಅವಳ ಪಕ್ಕ ಕೂತು ಪಾತ್ರೆ ಹಿಡಿದುಕೊಂಡಿದ್ದರು ಅಂತ ಅವಳು ಬಂದು ಹೇಳಿದಳು.

ಮುಂದೆ ಅವಳು ಟೈಪಿಸ್ಟ್ ಕೆಲಸ ಬಿಟ್ಟು ಚಾಮರಾಜಪೇಟೆಯಲ್ಲಿ ಸಣ್ಣ ಅಂಗಡಿ ಹಿಡಿದಳು. ಹಿತ್ತಾಳೆ ನೇಮ್ ಪ್ಲೇಟ್ ಕೆತ್ತುವ ದೊಡ್ಡ ಮೆಷಿನ್ನೊಂದನ್ನು ಹಳೆಯದು ಹುಡುಕಿ ತಂದಿದ್ದಳು. ಅಚ್ಚಿನ ಅಕ್ಷರದ ಮೇಲೆ ಒಂದು ಕಡ್ಡಿ ಆಡಿಸಿದರೆ, ಆ ಕಡೆ ಪ್ಲೇಟಿನ ಮೇಲೆ ಅದೇ ಅಕ್ಷರ ಚಿಕ್ಕದಾಗಿ ಕೆತ್ತಿಕೊಳ್ಳುತ್ತದೆ. ಕೈಗೆ ನಡುಕವಿಲ್ಲ. ಪೂಜೆಯ ದಿನ ನಾವಿಬ್ಬರೂ ಹೋಗಿದ್ದೆವು. ಬಾಗಿಲಿಗೆ ಮಾವಿನ ತೋರಣ, ಒಳಗೆ ಅವಳ ತಂದೆ ಬಂದವರಿಗೆಲ್ಲ ಕೋಸಂಬರಿ ಕೊಡುತ್ತಿದ್ದರು. "ಮೊದಲನೇದು ನೀವೇ ಮಾಡಬೇಕು ಅಕ್ಕ" ಅಂತ ಅವಳು ನನ್ನನ್ನು ಮೆಷಿನ್ನಿನ ಮುಂದೆ ಕೂರಿಸಿದಳು.

ಕಡ್ಡಿ ಹಿಡಿದೆ. ಹಿಡಿದಿದ್ದೇನೆಯೋ ಇಲ್ಲವೋ ತಿಳಿಯಲಿಲ್ಲ. ಬೆರಳನ್ನೇ ನೋಡಿ ಖಾತ್ರಿ ಮಾಡಿಕೊಳ್ಳಬೇಕಾಯಿತು. "ನೀನೇ ಮಾಡಮ್ಮ" ಅಂದು ಎದ್ದೆ. ಅವಳು ಒತ್ತಾಯ ಮಾಡಲಿಲ್ಲ. ನನ್ನ ಕೈಯನ್ನು ಒಂದು ಗಳಿಗೆ ತನ್ನ ಕೈಯಲ್ಲಿ ಹಿಡಿದಿದ್ದು, ಆಮೇಲೆ ಕೂತು ಕೆಲಸ ಶುರು ಮಾಡಿದಳು.

ನಾವು ಮನೆಗೆ ನಡೆದೇ ಬಂದೆವು. ಏರು ದಾರಿ, ನಾನು ಅಲ್ಲಲ್ಲಿ ನಿಲ್ಲುತ್ತಿದ್ದೆ, ಇವರೂ ನಿಲ್ಲುತ್ತಿದ್ದರು. ಊಟ ಮಾಡಿ ಚಾಪೆ ಹಾಸಿಕೊಂಡು ಮಲಗಿದೆ. ಎಚ್ಚರವಾದಾಗ ದೀಪ ಹಚ್ಚುವ ಹೊತ್ತು ದಾಟಿತ್ತು. ನಲ್ಲಿ ನೀರು ಬಂದು ಹೋಗಿತ್ತು. ಇವರೇ ಹಿಡಿದು ತುಂಬಿಟ್ಟು, ನನ್ನನ್ನು ಎಬ್ಬಿಸದೆ ಬಾಗಿಲಲ್ಲಿ ಕೂತಿದ್ದರು.