ಅಬ್ಬಾನ ಹಡಗಿನಲ್ಲಿ ಉಂಡ ಮಧ್ಯಾಹ್ನ

ಆಗೆಲ್ಲ ಸವಣೂರಿನ ನಮ್ಮ ಓಣಿಯಲ್ಲಿ ದುಬೈಗೆ ಹೋದವರಿದ್ದರು, ಸೌದಿಗೆ ಹೋದವರಿದ್ದರು. ಅವರ ಮನೆಗಳಿಗೆ ವರ್ಷಕ್ಕೊಮ್ಮೆ ಅತ್ತರಿನ ಬಾಟಲಿ, ಖರ್ಜೂರದ ಡಬ್ಬಿ, ದೊಡ್ಡ ದೊಡ್ಡ ಹೂವಿನ ಕಂಬಳಿ ಬರುತ್ತಿದ್ದವು. ಹಡಗಿಗೆ ಹೋದವರು ಮಾತ್ರ ನಮ್ಮ ಅಬ್ಬಾ ಒಬ್ಬರೇ. ಶಾಲೆಯಲ್ಲಿ ಯಾರಾದರೂ "ನಿಮ್ಮಪ್ಪ ಎಲ್ಲಿರ್ತಾರ?" ಅಂತ ಕೇಳಿದರೆ ನಾನು "ಸಮುದ್ರದಾಗ" ಅನ್ನುತ್ತಿದ್ದೆ. ಕೇಳಿದವರು ನಗುತ್ತಿದ್ದರು. ನಾನೂ ಸಮುದ್ರ ಕಂಡವಳಲ್ಲ, ಕ್ಯಾಲೆಂಡರಿನ ಚಿತ್ರದಲ್ಲಿ ಕಂಡದ್ದಷ್ಟೇ.

ಹಡಗಿಗೆ ಹೋಗುವ ಮೊದಲು ಅಬ್ಬಾ ಮದುವೆ ಮನೆಗಳ ಅಡಿಗೆಯವರು. ಶಿಗ್ಗಾಂವಿ, ಬಂಕಾಪುರ, ಹಾನಗಲ್ಲ ಅಂತ ತಿರುಗಿ, ಮುಂಜಾನೆ ಮನೆಗೆ ಬಂದರೆ ಅವರ ಅಂಗಿಗೆ ಕಟ್ಟಿಗೆ ಹೊಗೆ, ಹುರಿದ ಉಳ್ಳಾಗಡ್ಡಿ, ತುಪ್ಪ ಎಲ್ಲಾ ಕೂಡಿದ ಒಂದು ವಾಸನೆ ಇರುತ್ತಿತ್ತು. ನಾನು ಅದನ್ನು ಮೂಸುತ್ತ ಅವರ ಮಗ್ಗುಲಲ್ಲೇ ಮಲಗಿಬಿಡುತ್ತಿದ್ದೆ. ಯಾರೋ ಗೋವಾದವರ ಪರಿಚಯದಿಂದ ಹಡಗಿನ ಕೆಲಸ ಸಿಕ್ಕ ಮೇಲೆ ಆ ಅಂಗಿಗಳು ಟ್ರಂಕಿನಲ್ಲಿ ಉಳಿದವು. ಅಮ್ಮೀ ಅವನ್ನು ಒಗೆದು ಮಡಿಚಿಟ್ಟಿದ್ದಳು. ಎಷ್ಟು ಮೂಸಿದರೂ ಸಾಬೂನಿನ ವಾಸನೆ ಬಿಟ್ಟು ಬೇರೆ ಸಿಗುತ್ತಿರಲಿಲ್ಲ.

ಅದು ಸರಕು ಸಾಗಿಸುವ ಹಡಗಲ್ಲ. ಹೆಂಡಿರು ಮಕ್ಕಳನ್ನು ಕರಕೊಂಡು ಮಂದಿ ಸುಮ್ಮನೆ ತಿರುಗಾಡಲಿಕ್ಕೆ ಹತ್ತುವ ಹಡಗು. ಯಾವುದೋ ಬಂದರಿನಿಂದ ಫೋನು ಮಾಡಿದಾಗ ಅಬ್ಬಾ ಅಲ್ಲಿನ ಊಟದ ಕಥೆ ಹೇಳುತ್ತಿದ್ದರು. ಈಜುವ ಹೊಂಡದ ಬಾಜೂಕೇ ಒಂದು ಅಂಗಡಿ, ಅಲ್ಲಿ ಮಕ್ಕಳು ಒದ್ದೆ ಚಡ್ಡಿಯಲ್ಲೇ ನಿಂತು ತಿನ್ನುತ್ತಾರೆ. ಐಸ್‌ಕ್ರೀಮಿಗೆ ಒಂದು ಮಶೀನು, ಹಿಡಿಕೆ ಎಳೆದರೆ ತಾನೇ ಸುರುಳಿ ಸುರುಳಿಯಾಗಿ ಬೀಳುತ್ತದೆ. ಬೆಳಿಗ್ಗೆಯಿಂದ ರಾತ್ರಿಯವರೆಗೆ ತಾಟು ಹಿಡಿದು ಯಾವಾಗ ಬೇಕಾದರೂ ಹೋಗಬಹುದು, ಎಷ್ಟು ಬೇಕಾದರೂ ಹಾಕಿಕೊಳ್ಳಬಹುದು, ಯಾಕ ಅಂತ ಕೇಳುವವರಿಲ್ಲ. ನಾನು ಬಾಯಿ ತೆರೆದು ಕೇಳುತ್ತಿದ್ದೆ. ಅಬ್ಬಾನ ತಾಯಿ, ನಮ್ಮ ದಾದಿಮಾ, ಕಿವಿ ಸ್ವಲ್ಪ ಮಂದ ಇದ್ದವಳು, ಫೋನು ಕಸಿದುಕೊಂಡು ಒಂದೇ ಮಾತು ಕೂಗುತ್ತಿದ್ದಳು:

"ನೀ ಉಂಡ್ಯಾ?"

ಆ ಕಡೆಯಿಂದ ಹೂಂ ಅನ್ನುವಷ್ಟರಲ್ಲಿ ಲೈನು ಹೋಗುತ್ತಿತ್ತು.

"ಊರ ಮಂದಿ ಉಂಡದ್ದು ಹೇಳತಾನ. ತಾ ಎಲ್ಲಿ ಕುಂತ ಉಣತಾನ ಅನ್ನೂದೊಂದ ಹೇಳೂದಿಲ್ಲ" ಅಂತ ದಾದಿಮಾ ಗೊಣಗುತ್ತಿದ್ದಳು. ನಮ್ಮ ಮನೆಯ ಮಾತು ಉರ್ದು ಕನ್ನಡ ಎರಡೂ ಕಲೆತದ್ದು. ದಾದಿಮಾ ಹುಟ್ಟಿದ್ದು ಹಿರೇಕೆರೂರ ಕಡೆ ಹಳ್ಳಿಯಲ್ಲಿ, ಸಿಟ್ಟು ಬಂದಾಗ, ದುಃಖ ಆದಾಗ ಅವಳು ಕನ್ನಡಕ್ಕೇ ಬರುತ್ತಿದ್ದಳು.

ನನಗೆ ಹತ್ತು ವರ್ಷ ಆದಾಗಿನ ಮಾತು. ಚಳಿ ಕಳೆದು ಬಿಸಿಲು ಬಲಿಯುತ್ತಿತ್ತು, ಓಣಿಯ ಹೆಂಗಸರು ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುತ್ತ ಕೂತಿರುತ್ತಿದ್ದರು. ಅಬ್ಬಾನ ಫೋನು ಬಂತು. ಹಡಗು ಗೋವಾಕ್ಕೆ ಬರಲಿದೆ, ಒಂದು ದಿನ ನಿಲ್ಲುತ್ತದೆ. ಕೆಲಸಗಾರರ ಮನೆಯವರನ್ನು ಒಳಗೆ ಬಿಡುತ್ತಾರಂತೆ, ಬೆಳಿಗ್ಗೆಯಿಂದ ಮೂರು ಗಂಟೆಯವರೆಗೆ.

"ಅಮ್ಮಾನ್ನ ಕರ್ಕೊಂಡ ಬರಬ್ಯಾಡ, ದಮ್ಮು ಹತ್ತತೈತಿ ಆಕಿಗೆ" ಅಂದರಂತೆ ಅಬ್ಬಾ. ಅಮ್ಮೀ ಅದನ್ನೇ ದಾದಿಮಾಗೆ ಹೇಳಿದಳು. ದಾದಿಮಾ ಅಷ್ಟರಲ್ಲಾಗಲೇ ಜೋಳದ ಹಿಟ್ಟು ಜರಡಿ ಹಿಡಿಯುತ್ತಿದ್ದಳು.

"ಎರಡ ಈದ ಆತು, ನನ್ನ ಮಗಾ ನನ್ನ ಕೂಡ ಕುಂತ ಉಂಡಿಲ್ಲ. ಅವ ಬರೂದಿಲ್ಲ ಅಂದ್ರ ನಾನ ಹೋಗತೇನಿ. ದಮ್ಮು ದಾರ್ಯಾಗ ಹತ್ತಿದ್ರೇನು, ಮನ್ಯಾಗ ಹತ್ತಿದ್ರೇನು?"

ಖಡಕ್ ರೊಟ್ಟಿ, ಎಣ್ಣಿಗಾಯಿ ಬದನೆಕಾಯಿ, ನೆಂಚಿಕೊಳ್ಳಲಿಕ್ಕೆ ಶೇಂಗಾ ಹಿಂಡಿ ಎಲ್ಲಾ ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿ, ಹುಬ್ಬಳ್ಳಿಗೆ ಬಸ್ಸು, ಅಲ್ಲಿಂದ ರೈಲು ಹಿಡಿದು ನಾವು ಮೂವರೂ ಹೋದೆವು. ಗಂಟನ್ನು ದಾದಿಮಾ ಯಾರ ಕೈಗೂ ಕೊಡಲಿಲ್ಲ. ತೊಡೆಯ ಮೇಲೆಯೇ ಇಟ್ಟುಕೊಂಡಳು.

ಬಂದರಿನ ಗೇಟಿನ ಹತ್ತಿರ ನಿಂತಾಗ ಎದುರಿಗೆ ಇದ್ದದ್ದು ಹಡಗು ಅಂತ ನನಗೆ ತಿಳಿಯಲೇ ಇಲ್ಲ. ಬಿಳೀ ಬಣ್ಣ ಬಳಿದ ದೊಡ್ಡ ದವಾಖಾನೆ ಅಂದುಕೊಂಡೆ. ಗೇಟಿನ ಕಾವಲುಗಾರ ನಮ್ಮ ಸೀಮೆಯ ಕಡೆಯವನೇ, ನಮ್ಮ ಚೀಟಿ ನೋಡಿ, ಗಂಟು ಬಿಚ್ಚಿಸಿದ. ಹೊರಗಿನ ಊಟ ಹಡಗಿನೊಳಗೆ ಒಯ್ಯುವಂತಿಲ್ಲ ಅಂದ. ಅಮ್ಮೀ ಬೇಡಿಕೊಂಡಳು. ಅವನೂ ಕೆಟ್ಟವನೇನಲ್ಲ, "ನಂಗ ಬೈತಾರ್ರೀ ಬಾಯಿ. ವಾಪಸ ಬರುವಾಗ ತಗೊಂಡ ಹೋಗ್ರಿ, ಇಲ್ಲೇ ಇಟ್ಟಿರ್ತೇನಿ" ಅಂದ. ದಾದಿಮಾ ಗಂಟು ಮತ್ತೆ ಕಟ್ಟಿ ಅವನ ಮೇಜಿನ ಕೆಳಗೆ ಇಟ್ಟಳು.

ಅಬ್ಬಾ ಹಡಗಿನ ಏಣಿಯ ಬುಡದಲ್ಲಿ ನಿಂತಿದ್ದರು. ಬಿಳೀ ಅಂಗಿ, ಎದೆಯ ಮೇಲೆ ಹೆಸರಿನ ಪಟ್ಟಿ. ಗಡ್ಡ ಬೋಳಿಸಿದ್ದರಿಂದ ಮುಖ ಬೇರೆ ಯಾರದೋ ಅನ್ನುವ ಹಾಗೆ ಕಂಡಿತು. ಅವರು ಕೈ ಚಾಚಿದಾಗ ನಾನು ಅಮ್ಮೀಯ ಬುರ್ಖಾದ ಹಿಂದೆ ಸರಿದೆ. ದಾದಿಮಾ ಮಾತ್ರ ಎರಡೂ ಕೈಯಲ್ಲಿ ಆ ಮುಖ ಹಿಡಿದು, "ಸೊರಗಿಯಲ್ಲೋ" ಅಂದಳು. ಅಬ್ಬಾ ಸೊರಗಿರಲಿಲ್ಲ.

"ನಾಕ ತಾಸ ರಜಾ ತಗೊಂಡೇನಿ. ಎಲ್ಲಾ ತೋರಸ್ತೇನಿ, ಆಮ್ಯಾಲ ಕೂಡಿ ಉಣ್ಣೂಣು" ಅಂದರು.

ಲಿಫ್ಟಿನಲ್ಲಿ ಮೇಲೆ ಹೋದೆವು. ಪ್ರಯಾಣಿಕರು ಬಹಳಷ್ಟು ಮಂದಿ ಊರು ನೋಡಲು ಇಳಿದಿದ್ದರು, ಉಳಿದವರು ಮಕ್ಕಳೊಂದಿಗೆ ಹೊಂಡದ ಸುತ್ತ ಇದ್ದರು. ಅಬ್ಬಾ ಒಂದೊಂದೇ ತೋರಿಸುತ್ತ ಹೋದರು. ಇದು ಮನೆಯಲ್ಲಿ ಕೂತಂತೆ ಆರಾಮಾಗಿ ತಿನ್ನುವ ಜಾಗ, ಟೈ ಕಟ್ಟಿಕೊಂಡು ಬರಬೇಕು ಅಂತ ಇಲ್ಲ. ಇಲ್ಲಿ ಸೂಪು. ಇಲ್ಲಿ ಬರೀ ಚಾ ಮತ್ತು ಬಿಸ್ಕೀಟು. ಅಲ್ಲಿ ಹಣ್ಣು, ಕೇಕು. ಕಲ್ಲಂಗಡಿಯನ್ನು ಹೂವಿನ ಹಾಗೆ ಕೆತ್ತಿ ಇಟ್ಟಿದ್ದರು. ಎಲ್ಲಾ ಕಡೆ ಬೆಣ್ಣೆ, ಬೇಯುವ ಬ್ರೆಡ್ಡು, ಹೊಂಡದ ನೀರಿಗೆ ಹಾಕಿದ ಔಷಧ ಕೂಡಿದ ವಾಸನೆ. ನಾನು ಐಸ್‌ಕ್ರೀಮಿನ ಹಿಡಿಕೆ ಎಳೆದೆ. ಬಿಡುವುದು ಗೊತ್ತಾಗದೆ ಕೈಮೇಲೆಲ್ಲ ಸುರಿಯಿತು. ಅಬ್ಬಾ ನಕ್ಕು ತಮ್ಮ ಕರವಸ್ತ್ರದಿಂದ ಒರೆಸಿದರು. ಆಗ ನನಗೆ ಅವರು ಅಬ್ಬಾ ಅನ್ನಿಸಿದರು.

ದಾದಿಮಾ ಕಂಬಿ ಹಿಡಿದು ದಮ್ಮು ಬಿಡುತ್ತ ಎಲ್ಲಾ ನೋಡಿ ಕೇಳಿದಳು, "ಇಲ್ಲಿ ಮಂದೀಗೆ ಹಸಿವು ಆಗೂದರ ಯಾವಾಗೋ?"

"ಆಗೂಕಿಂತ ಮೊದಲ ನಾವ ಬಡಸ್ತೇವಮ್ಮಾ."

"ನೀ ಎಲ್ಲಿ ಕುಂತ ಉಣತಿ?"

"ಕೆಳಗ. ನಮಗ ಬ್ಯಾರೆ ಖೋಲಿ ಐತಿ."

"ತೋರ್ಸು. ಅದನ್ನ ನೋಡಾಕ ಬಂದೇನಿ ನಾ."

ಅಬ್ಬಾ ಸಣ್ಣ ದನಿಯಲ್ಲಿ, "ಅಲ್ಲಿಗೆ ಹೊರಗಿನವರನ್ನ ಬಿಡೂದಿಲ್ಲಮ್ಮಾ" ಅಂದರು. ಹೊರಗಿನವರು ಅನ್ನುವ ಮಾತು ಕೇಳಿ ಅಮ್ಮೀ ದಾದಿಮಾನ ಮುಖ ನೋಡಿದಳು. ದಾದಿಮಾಗೆ ಕೇಳಿಸಿತೋ ಇಲ್ಲವೋ ತಿಳಿಯಲಿಲ್ಲ.

ಕಿಟಕಿಯ ಹತ್ತಿರ ನಾಲ್ಕು ಕುರ್ಚಿಯ ಮೇಜು ಹುಡುಕಿ ನಮ್ಮನ್ನು ಕೂರಿಸಿದರು. "ಮಾಂಸದ ಗೊಡವಿ ಬ್ಯಾಡ, ಹಲಾಲ್ ಅಲ್ಲ. ಮೀನ ಐತಿ, ಅನ್ನ ಐತಿ, ದಾಲ್ ಐತಿ" ಅಂದು ತಾವೇ ತಾಟು ತುಂಬಿ ತಂದರು. ನಾಲ್ಕನೆಯ ತಾಟು ಇಟ್ಟು ಕುರ್ಚಿ ಎಳೆಯುವಷ್ಟರಲ್ಲಿ ಅವರ ಮೇಲಿನ ಅಧಿಕಾರಿ ಬಂದ. ಕಿವಿಯಲ್ಲಿ ಏನೋ ಹೇಳಿದ. ಅಬ್ಬಾನ ಪಿಜ್ಜಾ ಕೌಂಟರಿನಲ್ಲಿ ಅವತ್ತು ಅವರ ಬದಲಿಗೆ ನಿಂತವನಿಗೆ ವಾಂತಿ ಶುರುವಾಗಿದೆ, ಅವನನ್ನು ಕೆಳಗೆ ಕಳಿಸಿದ್ದಾರೆ, ನಿಲ್ಲಲಿಕ್ಕೆ ಬೇರೆ ಯಾರೂ ಇಲ್ಲ. ಆ ಅಧಿಕಾರಿ ನಮ್ಮ ಕಡೆ ತಿರುಗಿ ಎದೆಯ ಮೇಲೆ ಕೈ ಇಟ್ಟು ತಲೆ ಬಾಗಿಸಿದ.

"ಅರ್ಧಾ ತಾಸು. ನೀವ ಶುರು ಮಾಡ್ರಿ, ಬಂದೆ" ಅಂತ ಅಬ್ಬಾ ಹೋದರು.

ಕೌಂಟರು ನಮ್ಮ ಮೇಜಿಗೆ ಎದುರೇ ಇತ್ತು. ಎತ್ತರದ ಬಿಳೀ ಟೋಪಿ ಹಾಕಿಕೊಂಡು ಗಾಜಿನ ಹಿಂದೆ ನಿಂತರು. ಮನೆಯಲ್ಲಿ ನಾವು ಒಂದೇ ದೊಡ್ಡ ತಾಟಿನ ಸುತ್ತ ಕೂತು ಉಣ್ಣುವವರು. ಅಬ್ಬಾ ಇದ್ದಾಗ ಅವರು ಬಿಸ್ಮಿಲ್ಲಾ ಅಂದು ಕೈ ಹಾಕುವವರೆಗೆ ದಾದಿಮಾ ಮುಟ್ಟುತ್ತಿರಲಿಲ್ಲ. ಇಲ್ಲಿಯೂ ಮುಟ್ಟಲಿಲ್ಲ.

"ಉಣ್ರಿ ಅಮ್ಮಾ, ಆರತೈತಿ" ಅಂದಳು ಅಮ್ಮೀ.

"ಬರ್ತಾನ. ಅರ್ಧಾ ತಾಸಲ್ಲ?"

ಅರ್ಧ ತಾಸು ಕಳೆಯಿತು. ಊರು ನೋಡಲು ಹೋದವರು ಬಿಸಿಲಿಗೆ ಬೆವೆತು ತಿರುಗಿ ಬರತೊಡಗಿದರು, ಕೌಂಟರಿನ ಮುಂದೆ ಸಾಲು ಬೆಳೆಯಿತು. ನಾನು ಎದ್ದು ಆ ಸಾಲಿನಲ್ಲಿ ನಿಂತೆ. ನನ್ನ ಸರದಿ ಬಂದಾಗ ಅಬ್ಬಾ ಒಂದು ತುಣುಕು ತಾಟಿಗೆ ಹಾಕಿ, "ಬಿಸಿ ಐತಿ ಬೇಟಾ, ಊದಿ ತಿನ್ನು" ಅಂದರು. ಅಷ್ಟರಲ್ಲಿ ಹಿಂದಿನವರು ಮುಂದೆ ಬಂದರು. ನಾನು ತುಣುಕು ಮೇಜಿನ ಮೇಲಿಟ್ಟು ಮತ್ತೆ ಸಾಲಿಗೆ ಹೋದೆ. ಈ ಸಲ "ಶಾಲ್ಯಾಗ ಎಷ್ಟನೇ ನಂಬರ ಬಂದಿ?" ಅಂತ ಕೇಳಿದರು. "ಮೂರನೇದು" ಅಂದೆ. ಇನ್ನೊಂದು ತುಣುಕು. ಮತ್ತೆ ಹೋದೆ. ನನಗೆ ಹೇಳಲಿಕ್ಕೆ ಎಷ್ಟೋ ಇತ್ತು. ನಮ್ಮ ಮೇಕೆ ಎರಡು ಮರಿ ಹಾಕಿದ್ದು, ನನಗೆ ಕಾಮಾಲೆ ಆಗಿದ್ದು, ಕುರಾನಿನ ಮೊದಲ ಪಾಠ ಮುಗಿಸಿದ್ದು. ಎಲ್ಲವನ್ನೂ ಸಾಲಿನಲ್ಲಿ ನಿಂತು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದೆ. ಗಾಜಿನ ಮುಂದೆ ಬಂದಾಗ ಒಂದೇ ಹೇಳುವಷ್ಟು ಹೊತ್ತು ಇರುತ್ತಿತ್ತು.

ಒಮ್ಮೆ ನನ್ನ ಮುಂದೆ ಒಬ್ಬ ಹುಡುಗ ನಿಂತಿದ್ದ. ನನ್ನಷ್ಟೇ ವಯಸ್ಸು, ಕೆಂಪು ಕೂದಲು, ಒದ್ದೆ ಚಡ್ಡಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಅವನು ಬಾಯಿ ತೆರೆಯುವ ಮೊದಲೇ ಅಬ್ಬಾ ಅವನ ಹೆಸರು ಹಿಡಿದು ಕರೆದರು. ಬೇರೆಯೇ ಇಟ್ಟಿದ್ದ ಒಂದು ಪಿಜ್ಜಾದಿಂದ ತುಣುಕು ಕೊಯ್ದು ಕೊಟ್ಟರು. ಏನೋ ಇಂಗ್ಲಿಷಿನಲ್ಲಿ ಅಂದರು, ಹುಡುಗ ಖೊಳ್ಳನೆ ನಕ್ಕ.

"ಅಂವ ಯಾರ ಅಬ್ಬಾ?"

"ಪ್ಯಾಸೆಂಜರದವ್ರ ಮಗ. ದಿನಾ ಬರ್ತಾನ. ಆ ಕರೇ ಕಾಯಿ ಇರ್ತಾವಲ್ಲ ಆಲಿವ್, ಅವು ಅವಗ ಸೇರೂದಿಲ್ಲ. ಅದಕ್ಕ ಬ್ಯಾರೆ ಮಾಡಿಡ್ತೇನಿ."

ನನ್ನ ತಾಟಿನಲ್ಲಿ ಕರೇ ಕಾಯಿಗಳಿದ್ದವು. ಒಂದು ಬಾಯಿಗೆ ಹಾಕಿಕೊಂಡಿದ್ದೆ, ಉಪ್ಪು, ಕಹಿ. ಉಗುಳಿದರೆ ಅಬ್ಬಾಗೆ ಬೇಸರ ಆದೀತು ಅಂತ ನುಂಗಿದ್ದೆ.

"ನನಗೂ ಸೇರೂದಿಲ್ಲ" ಅಂದೆ.

ಅಬ್ಬಾನ ಕೈ ನಿಂತಿತು. ನನ್ನನ್ನು ನೋಡಿದರು. ಏನೋ ಹೇಳಲಿದ್ದರು. ನನ್ನ ಹಿಂದಿನ ಹೆಂಗಸು ತಾಟು ಮುಂದೆ ಚಾಚಿದಳು, ಅವರು ಆ ಕಡೆ ತಿರುಗಿ ನಗೆ ತಂದುಕೊಂಡರು.

ಮೇಜಿಗೆ ಬಂದಾಗ ನಾನು ತಂದ ತುಣುಕುಗಳು ಒಂದರ ಪಕ್ಕ ಒಂದು ಆರಿ ಬಿದ್ದಿದ್ದವು. ಅಮ್ಮೀ ಎರಡು ತುತ್ತು ಅನ್ನ ಉಂಡು ಬಿಟ್ಟಿದ್ದಳು. ದಾದಿಮಾ ಕೈ ತೊಳೆದುಕೊಂಡು ಬಂದವಳು, ಕೈಯನ್ನು ಹಾಗೇ ಮಡಿಲಲ್ಲಿ ಇಟ್ಟುಕೊಂಡು ಗಾಜಿನ ಆ ಕಡೆ ನೋಡುತ್ತಿದ್ದಳು. "ಒಂದ ಸರ್ತಿನೂ ಕೂತಿಲ್ಲ ನೋಡು. ಹಿಂಗ ನಿಂತ ನಿಂತ ಕಾಲ ಬಾತಿರ್ತಾವ" ಅಂದಳು. ಇಷ್ಟು ದೂರ ಬಂದು ಅವಳು ಕೊನೆಗೆ ತಿಳಿದುಕೊಂಡದ್ದು ಅದನ್ನೇ.

ಮೂರಕ್ಕೆ ಸ್ವಲ್ಪ ಮೊದಲು ಗೋಡೆಯೊಳಗಿನಿಂದ ಒಂದು ದನಿ ಏನೋ ಹೇಳಿತು. ನೋಡಲು ಬಂದವರು ಇಳಿಯಬೇಕು ಅಂತ. ಅಬ್ಬಾ ಟೋಪಿ ತೆಗೆದು ಓಡುತ್ತ ಬಂದರು. ಹಣೆಯೆಲ್ಲ ಬೆವರು. ದಾದಿಮಾ ಮುಟ್ಟದೆ ಇಟ್ಟಿದ್ದ ತಾಟು ನೋಡಿದರು.

"ಯಾಕಮ್ಮಾ ಹಿಂಗ ಮಾಡಿದಿ?"

"ಹಸಿವಾಗಲಿಲ್ಲೋ. ದಾರ್ಯಾಗ ಚಾ ಕುಡದದ್ದ ಹೊಟ್ಟಿ ತುಂಬೇತಿ" ಅಂದಳು ದಾದಿಮಾ. ಆ ದಿನ ಬೆಳಿಗ್ಗೆಯಿಂದ ಅವಳು ಚಾ ಕುಡಿದಿರಲಿಲ್ಲ.

ಅಬ್ಬಾ ಏಣಿಯ ಮೇಲಿನ ಬಾಗಿಲವರೆಗೆ ಬಂದರು. ಕೆಲಸದ ಹೊತ್ತು, ಅದರಾಚೆ ಬರುವಂತಿರಲಿಲ್ಲ. ನನ್ನ ತಲೆಯ ಮೇಲೆ ಕೈಯಿಟ್ಟಾಗ ಅವರ ತೋಳಿನಿಂದ ಸುಟ್ಟ ಹಿಟ್ಟಿನ ವಾಸನೆ ಬಂತು. ನಾವು ಕೆಳಗೆ ಇಳಿದು ತಿರುಗಿ ನೋಡುವಷ್ಟರಲ್ಲಿ ಆ ಬಾಗಿಲಲ್ಲಿ ಬೇರೆ ಯಾರೋ ನಿಂತಿದ್ದರು.

ಗೇಟಿನ ಕಾವಲುಗಾರ ಗಂಟು ತೆಗೆದು ಕೊಟ್ಟ. ದಾದಿಮಾ ಅದನ್ನು ಅವನ ಮೇಜಿನ ಮೇಲೆಯೇ ಇಟ್ಟು ಬಿಚ್ಚಿದಳು.

"ನೀನರ ಉಣ್ಣಪಾ. ನಿನ್ನೂ ಒಬ್ಬಾಕಿ ಹಡದಿರ್ತಾಳ."

ಅವನು ಬೇಡ ಬೇಡ ಅನ್ನುತ್ತಲೇ ರೊಟ್ಟಿ ಮುರಿದ. ಅವನು ಉಂಡು ಮುಗಿಸುವವರೆಗೆ ದಾದಿಮಾ ಎದುರಿಗೆ ನಿಂತೇ ಇದ್ದಳು. ಹಿಂಡಿ ಇನ್ನಷ್ಟು ಹಾಕಿದಳು. ಅಮ್ಮೀ ಆಚೆ ಮುಖ ಮಾಡಿ ಅತ್ತಳು. ನನಗೆ ಯಾಕೆ ಅಂತ ಗೊತ್ತಾಗಲಿಲ್ಲ. ಕೆಂಪು ಕೂದಲ ಹುಡುಗನ ಮೇಲಿನ ಸಿಟ್ಟು ಬಿಟ್ಟರೆ ನನ್ನಲ್ಲಿ ಬೇರೆ ಏನೂ ಇರಲಿಲ್ಲ.

ಆ ಮಳೆಗಾಲದಲ್ಲೇ ದಾದಿಮಾ ತೀರಿಕೊಂಡಳು. ಹಡಗು ಎಲ್ಲೋ ದೂರದ ಸಮುದ್ರದಲ್ಲಿತ್ತು. ಸುದ್ದಿ ಮುಟ್ಟಿ ಅಬ್ಬಾ ಬರುವಷ್ಟರಲ್ಲಿ ಮಣ್ಣು ಮಾಡಿ ದಿನಗಳಾಗಿದ್ದವು, ಕಬರಿನ ಮೇಲೆ ಹುಲ್ಲು ಮೊಳೆತಿತ್ತು. ಅಲ್ಲಿಂದ ಬಂದು ಕೈಕಾಲು ತೊಳೆದು ಕೂತವರು ಅಮ್ಮೀಯನ್ನು ಕೇಳಿದ್ದು ಒಂದೇ:

"ಕಡೀಕ ಏನ ಉಂಡ್ಳು?"

"ಗಂಜಿ ಮಾಡಿದ್ದೆರಿ. ಎರಡ ಚಮಚಾ" ಅಂದಳು ಅಮ್ಮೀ.

"ಯಾರ ಉಣಿಸಿದ್ರಿ?"

"ನಾನ."

ಅಬ್ಬಾ ತಲೆ ಆಡಿಸಿದರು. "ಛೊಲೋ ಮಾಡಿದಿ" ಅಂದರು. ಆಮೇಲೆ ಅಷ್ಟು ದೊಡ್ಡ ಮನುಷ್ಯ ಮೊಣಕಾಲಿನ ಮೇಲೆ ಮುಖ ಇಟ್ಟು ಅತ್ತದ್ದನ್ನು ನಾನು ಬಾಗಿಲ ಸಂದಿಯಿಂದ ನೋಡಿದೆ. ರಜೆ ಮುಗಿದ ಮೇಲೆ ಮತ್ತೆ ಹೋದರು. ಹೋಗದೆ ಗತಿಯಿರಲಿಲ್ಲ.

ಲೋಕದ ಹಡಗುಗಳೆಲ್ಲ ನಿಂತ ರೋಗದ ವರ್ಷ ಅವರು ಮನೆಗೆ ಬಂದವರು ತಿರುಗಿ ಹೋಗಲಿಲ್ಲ. ಅಷ್ಟರಲ್ಲಿ ನನ್ನನ್ನು ಹಾನಗಲ್ಲಿಗೆ ಮದುವೆ ಮಾಡಿ ಕೊಟ್ಟಾಗಿತ್ತು. ನಾನು ಬೆಳೆದ ವರ್ಷಗಳಷ್ಟೂ ಅವರು ಗಾಜಿನ ಆಚೆ ನಿಂತು ಬೇರೆ ಮಕ್ಕಳನ್ನು ಬೆಳೆಸಿದರು. ಹೀಗೆ ಅಂದರೆ ತಪ್ಪಾಗುತ್ತದೆ, ನಮಗಾಗಿಯೇ ನಿಂತಿದ್ದರು. ಆದರೂ ಆ ವರ್ಷಗಳು ಅವರ ಕೈಗೂ ಸಿಗಲಿಲ್ಲ, ನನ್ನ ಕೈಗೂ ಸಿಗಲಿಲ್ಲ. ಹತ್ತು ವರ್ಷದವಳಿದ್ದಾಗ ನನಗೆ ಬೆಲ್ಲದ ಶ್ಯಾವಿಗೆ ಅಂದರೆ ಜೀವ. ಆಮೇಲೆ ಅದು ಬೇಡವಾಗಿ ಖಾರದ ಹುಚ್ಚು ಹಿಡಿಯಿತು. ಪರೀಕ್ಷೆ ಇದ್ದಾಗ ಮೊಸರನ್ನ ಬಿಟ್ಟು ಏನೂ ಇಳಿಯುತ್ತಿರಲಿಲ್ಲ. ಅಮ್ಮೀಗೆ ಇವೆಲ್ಲ ಗೊತ್ತು.

ಹೋದ ರಮಜಾನಿನಲ್ಲಿ ತವರಿಗೆ ಹೋಗಿದ್ದೆ. ಅಮ್ಮೀಗೆ ಮೊಣಕಾಲು ನೋವು, ಅಡಿಗೆಮನೆ ಈಗ ಅಬ್ಬಾನದು. ರೋಜಾ ಬಿಡುವ ಹೊತ್ತಿಗೆ ಇನ್ನೂ ಸಮಯವಿತ್ತು. ಒಲೆ ಹಚ್ಚುವ ಮೊದಲು ನನ್ನ ಕಡೆ ತಿರುಗಿ, "ಬೇಟಾ, ನಿನಗ ಏನ ಸೇರತೈತಿ? ಹೇಳು, ಮಾಡ್ತೇನಿ" ಅಂದರು.

"ನೀವ ಏನ ಮಾಡಿದ್ರೂ ಉಣತೇನಿ ಅಬ್ಬಾ."

"ಹಂಗಲ್ಲ. ಹೆಸರ ಹೇಳು."

ಸೌಟು ಹಿಡಿದು, ನಿಜವಾಗಿಯೂ ಗೊತ್ತಿಲ್ಲದವರ ಹಾಗೆ, ನನ್ನ ಮುಖವನ್ನೇ ನೋಡುತ್ತ ನಿಂತರು.