ಒಬ್ಬರನ್ನು ಬಿಡಲೆಂದು ಕೊಂಡ ಕ್ಯಾಮೆರಾ

ಅಕ್ಕನ ಮದುವೆ ಉಮ್ಮಚಗಿಯ ನಮ್ಮ ಮನೆಯಂಗಳದಲ್ಲೇ ಆಯಿತು. ತೊಂಬತ್ತರ ದಶಕದ ನಡುಭಾಗ. ಅಪ್ಪಯ್ಯ ತೀರಿಕೊಂಡು ಆರು ವರ್ಷವಾಗಿತ್ತು. ಗಂಡು ಸಿದ್ದಾಪುರದ ಕಡೆಯವರು. ಆ ಮನೆಯಲ್ಲಿ ಎಲ್ಲದಕ್ಕೂ ಭಾವನ ಅಣ್ಣನದೇ ಮಾತು. ನಾವು ಅವರನ್ನು ದೊಡ್ಡಭಾವ ಎನ್ನುತ್ತಿದ್ದೆವು. ಶಿರಸಿಯಿಂದ ವಿಡಿಯೊದವನನ್ನು ಗೊತ್ತುಮಾಡಿ ಕರೆತಂದವರೂ ಅವರೇ.

ಮದುವೆಯ ಎರಡು ದಿನವೂ ನಮ್ಮ ತಾಯಿ, ಆಯಿ, ಹಿಂದಿನ ಬಾಗಿಲ ಹತ್ತಿರವೇ ಇದ್ದಳು. ಗಂಡ ಸತ್ತವಳು ಮಂಟಪದ ಹತ್ತಿರ ಸುಳಿಯಬಾರದೆಂಬುದು ಅವಳಿಗೇ ಗೊತ್ತಿತ್ತು, ಯಾರೂ ಹೇಳಬೇಕಾಗಿರಲಿಲ್ಲ. ಧಾರೆಯ ಹೊತ್ತಿಗೆ ಮಾತ್ರ ತಡೆಯಲಾರದೆ ಬಾಗಿಲಿಗೆ ಬಂದು ಇಣುಕಿದಳು. ವಿಡಿಯೊದವನು ಲೈಟನ್ನೂ ಕ್ಯಾಮೆರಾವನ್ನೂ ಅವಳ ಕಡೆ ತಿರುಗಿಸಿದ. ದೊಡ್ಡಭಾವ ಎರಡೇ ಹೆಜ್ಜೆಯಲ್ಲಿ ಬಂದು ಲೆನ್ಸಿನ ಮೇಲೆ ಅಂಗೈ ಇಟ್ಟರು.

"ಆ ಬದಿ ತೆಗಿಬೇಡ ಮಾರಾಯ. ಮಂಗಳ ಕಾರ್ಯ ಇದು."

ನಾನು ಪಕ್ಕದಲ್ಲೇ ಹೂವಿನ ತಟ್ಟೆ ಹಿಡಿದು ನಿಂತಿದ್ದೆ. ಆಗ ನನಗೆ ಹದಿನೇಳು. ಆಯಿ ಒಳಗೆ ಹೋದಳು.

ತಿಂಗಳ ನಂತರ ಕ್ಯಾಸೆಟ್ ಬಂತು. ಪಕ್ಕದ ಮನೆಯವರ ವಿಸಿಆರ್‌ನಲ್ಲಿ ಹಾಕಿ ನೋಡಿದೆವು. ಮೂರು ತಾಸು. ಬಾಳೆಲೆ ಹಾಸಿದವರಿದ್ದರು, ಜೀಪಿನ ಡ್ರೈವರನಿದ್ದ, ಚಪ್ಪರದ ಕೆಳಗೆ ಮಲಗಿದ್ದ ನಾಯಿಯೂ ಇತ್ತು. ಆಯಿ ಮುಂದಕ್ಕೆ ಬಾಗಿ ಕೊನೆಯವರೆಗೂ ನೋಡಿದಳು. ಎದ್ದು ಸೆರಗು ಸರಿಮಾಡಿಕೊಳ್ಳುತ್ತ, "ಆನು ಎಲ್ಲೂ ಕಾಣ್ತ್ನೇ ಇಲ್ಲೆ" ಎಂದಳು, ತನ್ನದೇ ಏನೋ ತಪ್ಪಾದಂತೆ. ಅವತ್ತೇ ನಾನು ನಿಶ್ಚಯ ಮಾಡಿದೆ. ಏನು ಮಾಡುತ್ತೇನೆಂದು ಗೊತ್ತಿರಲಿಲ್ಲ. ಬಿಡುವುದಿಲ್ಲ ಎಂಬುದಷ್ಟೇ ಗೊತ್ತಿತ್ತು.

ಹದಿನಾಲ್ಕು ವರ್ಷ ಬಿಡಲಿಲ್ಲ. ಓದಿದೆ, ಯಲ್ಲಾಪುರ ತಾಲೂಕಿನ ಒಂದು ಹೈಸ್ಕೂಲಿನಲ್ಲಿ ಟೀಚರ್ ಆದೆ. ಹಬ್ಬಕ್ಕೆ ಅಕ್ಕನ ಮನೆಗೆ ಹೋದಾಗ ದೊಡ್ಡಭಾವನಿಗೆ ನಗುತ್ತಲೇ ಚಹಾ ಕೊಟ್ಟೆ. ಅವರ ಮಗಳ ಮದುವೆ ನಿಶ್ಚಯವಾಯಿತೆಂದು ಅಕ್ಕ ಫೋನ್ ಮಾಡಿದ ದಿನ ಕಾಯುತ್ತಿದ್ದದ್ದು ಬಂತೆಂದು ನನಗೆ ಸಂತೋಷವಾಯಿತು.

ಎಚ್‌ಡಿ ಕ್ಯಾಮೆರಾಗಳು ನಮ್ಮ ಕಡೆ ಆಗಷ್ಟೇ ಕಾಣಿಸಿಕೊಳ್ಳುತ್ತಿದ್ದವು. ಶಿರಸಿಯ ಒಂದು ಅಂಗಡಿಗೆ ಹೋದೆ. ಅಂಗಡಿಯವರು ಬನವಾಸಿ ಕಡೆಯವರು, ನನ್ನ ಪರಿಚಯದವರೇ, ಸಮಾಧಾನದ ಮನುಷ್ಯ.

"ಯಾತಕ್ಕ ಬೇಕ್ರಿ ಟೀಚರ್? ಸಾಲಿ ಕಾರ್ಯಕ್ರಮಕ್ಕೋ, ಮದುವಿಗೋ? ನಿಮಗ ಬೇಕಾದ್ದು ಏನಂತ ಗೊತ್ತಾದ್ರ ಆರಿಸೋದು ಸಲೀಸು."

"ಮದುವೆಗೆ" ಎಂದೆ.

ಅವರು ಮೂರು ಕ್ಯಾಮೆರಾ ಮೇಜಿನ ಮೇಲಿಟ್ಟರು. ಒಂದು ಅಂಗೈಯಷ್ಟು ಚಿಕ್ಕದು, ಒಳಗೆ ಹಾರ್ಡ್ ಡಿಸ್ಕ್, ಎಲ್ಲವನ್ನೂ ತಾನೇ ಮಾಡಿಕೊಳ್ಳುವಂಥದ್ದು. ಒಂದು ಹೆಗಲ ಮೇಲೆ ಹೊರುವ ದೊಡ್ಡದು. ನಡುವಿನದು ಚಿಕ್ಕ ಟೇಪಿನದು, ಲೆನ್ಸಿನ ಸುತ್ತ ಕೈಯಿಂದ ತಿರುಗಿಸುವ ಉಂಗುರವಿತ್ತು. ಚಿಕ್ಕದನ್ನು ಹಿಡಿದು ಅಂಗಡಿಯ ಬಾಗಿಲಿಗೆ ಬಂದೆ. ರಸ್ತೆಯಾಚೆ ಇಬ್ಬರು ಮಾತಾಡುತ್ತ ನಿಂತಿದ್ದರು. ಅವರಲ್ಲಿ ಒಬ್ಬರನ್ನೇ ತೆಗೆಯಲು ನೋಡಿದೆ, ಆಗಲಿಲ್ಲ. ಎಚ್‌ಡಿ ಚಿತ್ರ ಹಳೆಯ ವಿಡಿಯೊದ ಹಾಗಲ್ಲ, ಅಡ್ಡಡ್ಡ ಅಗಲ. ಪಕ್ಕದಲ್ಲಿದ್ದವನು ಅರ್ಧವಾದರೂ ಒಳಗೆ ಬಂದುಬಿಡುತ್ತಾನೆ. ಇನ್ನೂ ಹತ್ತಿರ ಎಳೆದರೆ ಚಿತ್ರ ಚೌಕಚೌಕವಾಗಿ ಒಡೆಯಿತು. ಅದು ಲೆನ್ಸಿನ ಜೂಮ್ ಅಲ್ಲ, ಇದ್ದ ಚಿತ್ರವನ್ನೇ ಹಿಗ್ಗಿಸುವ ಡಿಜಿಟಲ್ ಜೂಮ್ ಎಂದು ಅಂಗಡಿಯವರು ಹೇಳಿದರು.

ನಡುವಿನದನ್ನು ಹಿಡಿದೆ. ಉಂಗುರ ತಿರುಗಿಸಿದಂತೆ ಒಬ್ಬ ಮೆಲ್ಲಗೆ ಚಿತ್ರದಿಂದ ಹೊರಗೆ ಸರಿದ, ಇನ್ನೊಬ್ಬನ ಮೀಸೆಯ ಬಿಳಿಗೂದಲು ಒಂದೊಂದಾಗಿ ಕಂಡಿತು. ಅಂಗಡಿಯ ಹಿಂದಿನ ಕತ್ತಲೆ ಗೋದಾಮಿನಲ್ಲೂ ಪರೀಕ್ಷೆ ಮಾಡಿದೆ. ಲೈಟಿಲ್ಲದೆಯೂ ಗೋಡೆಗೆ ಒರಗಿಸಿದ್ದ ಕಸಬರಿಗೆಯ ಕಡ್ಡಿಗಳು ಕಂಡವು. ಮದುವೆಮನೆಯಲ್ಲಿ ಹಿಂದಿನ ಸಾಲಿನವರಿಗೆ ಬೆಳಕು ಬೀಳುವುದಿಲ್ಲವಲ್ಲ.

"ಏನ್ ಹುಡುಕಾಕ್ಹತ್ತೀರಿ ಟೀಚರ್?" ಅಂಗಡಿಯವರು ನಕ್ಕರು.

"ಒಬ್ಬರನ್ನ ಬಿಟ್ಟು ಉಳಿದವರನ್ನೆಲ್ಲ ಚಂದ ತೆಗಿಬೇಕು."

ಅವರು ಮತ್ತೇನೂ ಕೇಳದೆ ನಡುವಿನದನ್ನೇ ಪೆಟ್ಟಿಗೆಗೆ ಹಾಕಿಕೊಟ್ಟರು.

ವಿಡಿಯೊ ನನ್ನ ಉಡುಗೊರೆ ಎಂದಾಗ ದೊಡ್ಡಭಾವ ಹಿಗ್ಗಿದರು. ಮದುವೆಗೆಂದೇ ಮನೆಗೆ ದೊಡ್ಡ ಟೀವಿ ತಂದಿದ್ದರು.

"ಎಚ್‌ಡಿ ಹೇಳಿರೆ ಎಲ್ಲಾ ಚೊಲೋ ಕಾಣ್ತಾ?"

"ಕಾಣ್ತು ದೊಡ್ಡಭಾವ. ಮುಖದ ಮೇಲಿನ ಬೆವರ ಹನಿನೂ ಕಾಣ್ತು."

ಸಿದ್ದಾಪುರದ ಕಲ್ಯಾಣ ಮಂಟಪದಲ್ಲಿ ಅವರು ಬೆಳಿಗ್ಗೆಯಿಂದ ಕ್ಯಾಮೆರಾದ ಎದುರೇ ಓಡಾಡಿದರು. ಅವರು ಬಂದಾಗಲೆಲ್ಲ ನಾನು ಉಂಗುರ ತಿರುಗಿಸಿದೆ. ಅಡುಗೆಯವರ ಸೌಟು, ಮಕ್ಕಳ ಜಡೆ, ಮದುಮಗಳ ಕಣ್ಣು. ಧಾರೆಯ ಹೊತ್ತಿಗೆ ಕಷ್ಟವಾಯಿತು, ಧಾರೆಯೆರೆಯುವವರೇ ಅವರು. ನಾನು ನೀರನ್ನೂ ಕೈಗಳನ್ನೂ ಮಾತ್ರ ತೆಗೆದೆ.

ಆಮೇಲೆ ಹಿಂದಿನ ಸಾಲಿನಲ್ಲಿ ಕೂತಿದ್ದ ಆಯಿಯ ಕಡೆ ತಿರುಗಿದೆ. ಅವಳು ಯಾರದೋ ಮಗುವಿಗೆ ಬಾಳೆಹಣ್ಣು ಸುಲಿದು ಕೊಡುತ್ತಿದ್ದಳು. ಅಲ್ಲೇ ನಿಂತುಬಿಟ್ಟೆ. ದೊಡ್ಡಭಾವ ನೋಡಿದರು, ಕೈ ಮುಂದೆ ಮಾಡಿಕೊಂಡು ಬಂದರು.

"ಮುಟ್ಟಡಿ," ಎಂದೆ, ಕ್ಯಾಮೆರಾದಿಂದ ಕಣ್ಣು ತೆಗೆಯದೆ. "ಲೆನ್ಸಿಗೆ ಕೈ ತಾಗಿರೆ ಇಡೀ ವಿಡಿಯೊ ಹಾಳಾಗ್ತು."

ಕೈ ಹಿಂದೆ ಹೋಯಿತು. ಆ ಕೈ ಹಿಂದೆ ಹೋದ ಕ್ಷಣದ ಸುಖವನ್ನು ನಾನು ಇವತ್ತಿಗೂ ಆಗಾಗ ನೆನೆಸಿಕೊಳ್ಳುತ್ತೇನೆ.

ವಾರದ ನಂತರ ಮಧ್ಯಾಹ್ನ ಊಟವಾದ ಮೇಲೆ ಎಲ್ಲರೂ ಅವರ ಜಗಲಿಯಲ್ಲಿ ಸೇರಿದರು. ಆಯಿಯನ್ನೂ ಕರೆದುಕೊಂಡು ಹೋಗಿದ್ದೆ. ಕ್ಯಾಮೆರಾದಿಂದ ನೇರ ಟೀವಿಗೆ ತಂತಿ ಹಾಕಿದೆ. ಮೊದಲು ಎಲ್ಲರೂ ಬಾಯಿ ಬಿಟ್ಟು ನೋಡಿದರು. ಸೀರೆಯ ಜರಿ ಎಣಿಸಬಹುದಿತ್ತು. ದೊಡ್ಡಭಾವ ಕುರ್ಚಿಯನ್ನು ಮುಂದೆ ಎಳೆದುಕೊಂಡರು. ಒಂದು ತಾಸಾಯಿತು. ಧಾರೆಯಲ್ಲಿ ತಮ್ಮ ಉಂಗುರದ ಬೆರಳು ಕಂಡಾಗ ನೆಟ್ಟಗೆ ಕೂತರು, ಮುಖ ಬರಲಿಲ್ಲ. ಆಯಿ ಬಂದಳು, ಬಾಳೆಹಣ್ಣು ಸುಲಿದಳು, ಮಗುವಿನ ಬಾಯಿ ಒರೆಸಿದಳು, ನಕ್ಕಳು. ಅದೇ ನಾಲ್ಕು ನಿಮಿಷ.

ಮುಗಿದಾಗ ಮದುಮಗಳು ನನ್ನ ಕಡೆ ತಿರುಗಿದಳು. "ಚಿಕ್ಕಿ, ಅಪ್ಪಯ್ಯ ಎಲ್ಲೂ ಇಲ್ಲೆ ಅಲ್ದಾ?"

"ಯನ್ನ ಆಯಿನೂ ಅಕ್ಕನ ಮದುವೆ ಕ್ಯಾಸೆಟ್ಟಲ್ಲಿ ಎಲ್ಲೂ ಇಲ್ಲೆ. ಎಂತಕ್ಕೆ ಹೇಳಿ ನಿನ್ನ ಅಪ್ಪಯ್ಯನ ಕೇಳು."

ದೊಡ್ಡಭಾವನ ಮುಖ ಕಪ್ಪಿಟ್ಟಿತು. "ಅದು ಆಗಿನ ಪದ್ಧತಿ," ಎಂದರು.

"ಇದು ಯನ್ನ ಪದ್ಧತಿ," ಎಂದೆ.

ಅವರು ಎದ್ದು ತೋಟದ ಕಡೆ ಹೋದರು. ಹುಡುಗಿ ಅತ್ತಳು. ತೆಗೆದದ್ದರಲ್ಲಿ ಉಳಿದದ್ದು ಏನಾದರೂ ಇದೆಯೇ ಎಂದು ಕೇಳಿದಳು. ಇರಲಿಲ್ಲ. ನಾನು ಅವರನ್ನು ತೆಗೆದೇ ಇರಲಿಲ್ಲ, ಒಂದು ಕ್ಷಣವೂ. ಅವಳ ಕಣ್ಣೀರಿನ ಲೆಕ್ಕವನ್ನು ನಾನು ಮೊದಲೇ ಹಾಕಿರಲಿಲ್ಲ. ಅದೊಂದು ನನಗೆ ಚುಚ್ಚುತ್ತದೆ.

ಆ ಮನೆಯಲ್ಲೇ ಬಾಳಬೇಕಾದ ಅಕ್ಕ ಒಂದು ವರ್ಷ ನನ್ನ ಹತ್ತಿರ ಮಾತಾಡಲಿಲ್ಲ. ಅವತ್ತು ಬಸ್ಸಿನಲ್ಲಿ ವಾಪಸು ಬರುವಾಗ ಆಯಿ ಶಿರಸಿಯವರೆಗೂ ಕಿಟಕಿಯ ಕಡೆ ನೋಡುತ್ತಿದ್ದಳು. ಆಮೇಲೆ, "ಅದು ಆ ಕೂಸಿನ ಮದುವೆ ಆಗಿತ್ತು. ನಿನ್ನ ಜಗಳದ್ದಲ್ಲ," ಎಂದಳು. ಸೆರಗನ್ನು ಬಾಯಿಗೆ ಅಡ್ಡ ಹಿಡಿದು, "ಯನ್ನ ಹಲ್ಲು ಅಷ್ಟು ಸೊಟ್ಟ ಇದ್ದಾ?" ಎಂದು ಕೇಳಿದಳು.

ಮರುವರ್ಷ ಸಂಬಂಧಿಕರ ಉಪನಯನದಲ್ಲಿ ದೊಡ್ಡಭಾವ ಮುಂದಿನ ಸಾಲಿನಲ್ಲಿ ಕೂತಿದ್ದರು. ನನ್ನ ಕೈಯಲ್ಲಿ ಕ್ಯಾಮೆರಾ ನೋಡಿದವರೇ ಎದ್ದು ಕಂಬದ ಹಿಂದೆ ಹೋಗಿ ಕೂತರು. ಕರೆಯಬಹುದಿತ್ತು, ಕರೆಯಲಿಲ್ಲ. ಖಾಲಿಯಾದ ಆ ಕುರ್ಚಿಯನ್ನು ಸ್ಪಷ್ಟವಾಗಿ, ನಿಧಾನವಾಗಿ ತೆಗೆದೆ. ನನಗೆ ಸಂತೋಷವೇ ಆಯಿತು, ಸುಳ್ಳು ಹೇಳುವುದಿಲ್ಲ.